ಮಂಚದ ಪಕ್ಕದಲ್ಲಿ ಗಿಟಾರ್

ನಮ್ಮ ಮನೆಯಲ್ಲಿ ಆ ಕಾಯಿಲೆಯ ಹೆಸರನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಅಮ್ಮನಿಗೆ ಸ್ತನದಲ್ಲಿ ಗಡ್ಡೆ ಕಾಣಿಸಿಕೊಂಡಾಗ ನಾನು ಪಿಯುಸಿ ಓದುತ್ತಿದ್ದೆ. ಸಾಗರದಿಂದ ರಾತ್ರಿ ಬಸ್ಸು ಹತ್ತುವ ಮುಂಚೆ ಅಪ್ಪ ಪಕ್ಕದ ಮನೆಯವರಿಗೆ ಹೇಳಿದ್ದು ಇಷ್ಟೇ: "ಕಿದ್ವಾಯಿಗೆ ಹೋಗಿ ಬರ್ತೀವಿ." ಅವರೂ ಮತ್ತೇನೂ ಕೇಳಲಿಲ್ಲ. ನಮ್ಮ ಕಡೆ ಆ ಆಸ್ಪತ್ರೆಯ ಹೆಸರೇ ಕಾಯಿಲೆಯ ಹೆಸರು. ಅಮ್ಮನಿಗೆ ನಾವು "ಬರೀ ನೀರುಗಂಟು" ಅಂದೆವು. ಅವಳೂ ತಿರುಗಿ ನಮಗೆ ಅದನ್ನೇ ಹೇಳಿದಳು. ಹದಿನಾಲ್ಕು ತಿಂಗಳು ನಾಲ್ಕು ಜನ ಒಂದೇ ಸೂರಿನಡಿ ಒಬ್ಬರಿಂದೊಬ್ಬರು ಮುಚ್ಚಿಟ್ಟುಕೊಂಡು ಬದುಕಿದೆವು. ಅವಳು ಹೋದ ಮೇಲೆ ಅಳುವುದಕ್ಕೂ ಬೇರೆ ಬೇರೆ ಕೋಣೆ ಹುಡುಕಿಕೊಂಡೆವು.

ಈಗ ನಾನು ಅಮೆರಿಕದ ಟೆನೆಸಿ ರಾಜ್ಯದ ನ್ಯಾಶ್‌ವಿಲ್‌ನಲ್ಲಿ ಸಂಗೀತ ಚಿಕಿತ್ಸಕಿ. ಕ್ಯಾನ್ಸರ್ ವಾರ್ಡಿನಲ್ಲಿ, ಕೀಮೋ ಕೊಡುವ ಕೋಣೆಗಳಲ್ಲಿ ಗಿಟಾರ್ ಹಿಡಿದು ರೋಗಿಗಳ ಜೊತೆ, ಮನೆಯವರ ಜೊತೆ ಕೂರುವುದು ನನ್ನ ಕೆಲಸ. ಗಂಡನ ನೌಕರಿಯ ದೆಸೆಯಿಂದ ಇಲ್ಲಿಗೆ ಬಂದವಳು. ಈ ದಾರಿ ಹಿಡಿಸಿದ್ದು ಒಂದು ಹಾಡು.

2011ರ ಕೊನೆಯ ದಿನಗಳು. ಪೆಟ್ರೋಲ್ ಬಂಕ್‌ನಲ್ಲಿ ಇಂಧನ ತುಂಬಿಸಿಕೊಂಡು ಕಾರಿನೊಳಗೆ ಕೂತೆ. ರೇಡಿಯೋದಲ್ಲಿ ಅಮೆರಿಕದ ಹಳ್ಳಿಗಾಡಿನ ಸಂಗೀತವಾದ ‘ಕಂಟ್ರಿ’ಯ ಗಾಯಕಿ ಮಾರ್ಟಿನಾ ಮ್ಯಾಕ್‌ಬ್ರೈಡ್ ಹಾಡುತ್ತಿದ್ದರು. ಫೋನ್ ಕೈಜಾರಿ ಬೀಳುತ್ತದೆ, ಡಾಕ್ಟರು ಅನುಮಾನ ನಿಜವೆಂದಿದ್ದಾರೆ, ಹೆಂಗಸಿಗೆ 38 ವರ್ಷ, ಮೂರು ಮಕ್ಕಳು. ಕ್ಯಾನ್ಸರ್ ಅನ್ನುವ ಪದ ಮೊದಲ ಚರಣದಲ್ಲೇ, ಅಡುಗೆಮನೆಯಲ್ಲಿ ನಿಂತು ಮಾತಾಡುವಷ್ಟು ಸಲೀಸಾಗಿ ಬಂತು. ನಮ್ಮ ಮನೆ ಹದಿನಾಲ್ಕು ತಿಂಗಳಲ್ಲಿ ಒಮ್ಮೆಯೂ ಹೇಳದಿದ್ದ ಪದ. ಹಿಂದಿನ ಗಾಡಿಯವರು ಹಾರ್ನ್ ಹೊಡೆಯುವವರೆಗೂ ನಾನು ಅಲ್ಲೇ ಇದ್ದೆ.

ಸೋನ್ಯಾ ಐಸಾಕ್ಸ್, ಜಿಮ್ಮಿ ಯೇರಿ, ಬೆನ್ ಹೇಸ್ಲಿಪ್ ಮೂವರು ಸೇರಿ ಬರೆದ ಹಾಡು ಅದು. ಪಲ್ಲವಿಯಲ್ಲಿ ಮಾತಾಡುವವನು ಗಂಡ. "ವಾಸಿಯಾಗಿಬಿಡ್ತೀಯ" ಎಂದು ಅವನು ಎಲ್ಲೂ ಮಾತು ಕೊಡುವುದಿಲ್ಲ. ನೀನು ಸೋತಾಗ ನಾನು ಗಟ್ಟಿಯಾಗಿರುತ್ತೇನೆ, ಕೊನೆಯತನಕ ನಿನ್ನ ಜೊತೆಗಿರುತ್ತೇನೆ ಅನ್ನುತ್ತಾನೆ. ಆಮೇಲೆ ಎಷ್ಟೋ ಸಲ ಯೋಚಿಸಿದ್ದೇನೆ. ಮನೆಯವರ ಕೈಯಲ್ಲಿರುವುದು ಅದೊಂದೇ ಮಾತು, ಕೊಟ್ಟರೆ ಉಳಿಸಿಕೊಳ್ಳಬಹುದಾದ ಮಾತೂ ಅದೊಂದೇ.

ಮರುವರ್ಷ ಓದಲು ಸೇರಿದೆ. ಇಲ್ಲಿ ಸಂಗೀತ ಚಿಕಿತ್ಸೆಗೆ ಪದವಿ ಬೇಕು, 1,200 ಗಂಟೆಗಳ ಪ್ರಾಯೋಗಿಕ ತರಬೇತಿ ಬೇಕು, ಅದರ ಮೇಲೆ ಒಂದು ಪರೀಕ್ಷೆ. ಅದಕ್ಕಿಂತ ಕಷ್ಟವಾಗಿದ್ದು ನನ್ನ ಗಂಟಲನ್ನು ಬದಲಿಸಿಕೊಳ್ಳುವುದು. ಹನ್ನೆರಡು ವರ್ಷ ಕರ್ನಾಟಕ ಸಂಗೀತ ಕಲಿತವಳು ನಾನು. ಸ್ವರವನ್ನು ಸುಮ್ಮನೆ ಬಿಡುವುದು ನನಗೆ ಗೊತ್ತೇ ಇರಲಿಲ್ಲ, ಸಣ್ಣದೊಂದು ಗಮಕ ತಾನಾಗಿ ಬಂದು ಕೂರುತ್ತಿತ್ತು. ಕಂಟ್ರಿ ಹಾಡಿಗೆ ಅದು ಹೊಂದುವುದಿಲ್ಲ. ಅಲ್ಲಿ ಕತೆ ಮುಂದೆ, ಕಂಠ ಹಿಂದೆ. ಕಂಟ್ರಿ ಅಂದರೆ ಮೂರು ಕಾರ್ಡು ಮತ್ತು ಸತ್ಯ ಎಂದು ಹಾಡು ಬರೆಯುತ್ತಿದ್ದ ಹಾರ್ಲನ್ ಹವರ್ಡ್ ಹೇಳಿದ್ದರಂತೆ. ಕಾರ್ಡು ಅಂದರೆ ಒಟ್ಟಿಗೆ ಮೀಟುವ ಸ್ವರಗಳ ಗುಂಪು. ಜಿ, ಸಿ, ಡಿ ಕಾರ್ಡುಗಳನ್ನು ಬೆರಳು ಒಂದು ವಾರದಲ್ಲಿ ಕಲಿತಿತು. ಅಲಂಕಾರವಿಲ್ಲದೆ, ಮಾತಾಡಿದ ಹಾಗೆ ಹಾಡುವುದನ್ನು ಕಲಿಯಲು ಎರಡು ವರ್ಷ ಬೇಕಾಯಿತು.

ಕಂಟ್ರಿಯೇ ಏಕೆ ಎಂದು ಊರಿನವರು ಕೇಳುತ್ತಾರೆ. ನಮ್ಮಲ್ಲಿಗೆ ಬರುವವರಲ್ಲಿ ಬಹಳ ಜನ ಟೆನೆಸಿಯ ಹಳ್ಳಿಗಳವರು, ಗಡಿಯಾಚೆ ಕೆಂಟಕಿಯವರು. ಹೊಗೆಸೊಪ್ಪು ಬೆಳೆದವರು, ಗಣಿಯಲ್ಲಿ ದುಡಿದವರು, ಟ್ರಕ್ ಓಡಿಸುವವರು. ಶ್ವಾಸಕೋಶದ ಕ್ಯಾನ್ಸರ್ ಈ ದೇಶದಲ್ಲೇ ಅತಿ ಹೆಚ್ಚು ಕಾಣುವುದು ಕೆಂಟಕಿಯಲ್ಲಿ. 1925ರಲ್ಲಿ ಇದೇ ಊರಿನ ಡಬ್ಲ್ಯೂಎಸ್‌ಎಂ ರೇಡಿಯೋದಲ್ಲಿ ಶುರುವಾದ ಗ್ರ್ಯಾಂಡ್ ಓಲ್ ಓಪ್ರಿ ಎಂಬ ಕಂಟ್ರಿ ಹಾಡಿನ ಕಾರ್ಯಕ್ರಮವನ್ನು ಶನಿವಾರ ರಾತ್ರಿ ಕೇಳುತ್ತ ಬೆಳೆದವರು ಅವರು, ಅವರ ಅಪ್ಪ, ಅಜ್ಜ. ಸಾವು, ಸಾಲ, ಬಿಟ್ಟುಹೋದ ಹೆಂಡತಿ, ತೀರಿಹೋದ ತಾಯಿ ಇದೆಲ್ಲ ಹಾಡಿನಲ್ಲಿ ಬಂದರೆ ಅವರಿಗೆ ಹೊಸತಲ್ಲ. ಕ್ಯಾನ್ಸರ್ ಕೂಡ ಈ ಸಂಗೀತಕ್ಕೆ ಹೊರಗಿನದಲ್ಲ. ಮೆಂಫಿಸ್‌ನಲ್ಲಿ ಮಕ್ಕಳ ಕ್ಯಾನ್ಸರ್‌ಗೆ ಹೆಸರಾದ ಸೇಂಟ್ ಜೂಡ್ ಆಸ್ಪತ್ರೆ 1962ರಿಂದ ಇದೆ. ಚಿಕಿತ್ಸೆಗೆಂದು ಅಲ್ಲಿ ಯಾವ ಕುಟುಂಬಕ್ಕೂ ಬಿಲ್ಲು ಬರುವುದಿಲ್ಲ. ಆಲಬಾಮಾ ಎಂಬ ಕಂಟ್ರಿ ತಂಡದ ಗಾಯಕ ರ‍್ಯಾಂಡಿ ಓವನ್ 1989ರಲ್ಲಿ ಕಂಟ್ರಿ ರೇಡಿಯೋ ಕೇಂದ್ರಗಳನ್ನು ಆ ಆಸ್ಪತ್ರೆಯ ಬೆನ್ನಿಗೆ ನಿಲ್ಲಿಸಿದರು. ಅಂದಿನಿಂದ ಹಾಡುಗಳ ನಡುವೆ ಆ ಮಕ್ಕಳ ಕತೆ ಕೇಳಿಬರುತ್ತಲೇ ಇದೆ.

ನಾನು ಕೆಲಸ ಮಾಡುವ ಬಗೆ ಹೀಗೆ. ಗಿಟಾರಿನ ಮೈ, ತಂತಿ, ಕುತ್ತಿಗೆ ಎಲ್ಲವನ್ನೂ ಪ್ರತಿ ಕೋಣೆಗೆ ಮುಂಚೆಯೂ ಆಮೇಲೂ ಕ್ರಿಮಿನಾಶಕ ಬಟ್ಟೆಯಿಂದ ಒರೆಸುತ್ತೇನೆ. ಬಿಳಿ ರಕ್ತಕಣ ಇಳಿದವರ ಕೋಣೆಗೆ ಮಾಸ್ಕ್, ಗೌನ್ ಹಾಕಿಯೇ ಹೋಗಬೇಕು. ಮಾಸ್ಕಿನೊಳಗಿಂದ ಹಾಡಲು ಉಸಿರು ಬೇರೆ ರೀತಿ ಹಿಡಿಯಬೇಕಾಗುತ್ತದೆ. ಒಳಗೆ ಹೋದ ಕೂಡಲೇ ಹಾಡುವುದಿಲ್ಲ. ರೋಗಿಯ ಎದೆ ಏರಿಳಿಯುವುದನ್ನು ನೋಡುತ್ತೇನೆ. ಉಸಿರು ಬಿರುಸಾಗಿದ್ದರೆ ನನ್ನ ಬೆರಳೂ ಅದೇ ಬಿರುಸಿನಲ್ಲಿ ಮೀಟುತ್ತದೆ. ಐದಾರು ನಿಮಿಷದಲ್ಲಿ ಗೊತ್ತಾಗದಂತೆ ನಿಧಾನ ಮಾಡುತ್ತ ಬರುತ್ತೇನೆ. ಬಹಳ ಸಲ ಉಸಿರು ಹಿಂದೆಯೇ ಬರುತ್ತದೆ.

ಕೀಮೋ ಹನಿಯುತ್ತಿರುವಾಗ ಜೀವಕ್ಕೆ ತೀರಾ ಹತ್ತಿರದ ಹಾಡನ್ನು ಹಾಡುವುದಿಲ್ಲ. ವಾಕರಿಕೆ ಬರುವ ಹೊತ್ತಿನಲ್ಲಿ ಮೂಗಿಗೆ ಬಿದ್ದ ವಾಸನೆ, ಕಿವಿಗೆ ಬಿದ್ದ ಶಬ್ದ ಆ ವಾಕರಿಕೆಗೆ ಅಂಟಿಕೊಂಡುಬಿಡಬಹುದು. ಮುಂದೆ ಅದನ್ನು ನೆನೆದರೂ ಹೊಟ್ಟೆ ತೊಳಸುತ್ತದೆ. ಮದುವೆಯ ದಿನ ಕುಣಿದ ಹಾಡು ಹಾಗೆ ಹಾಳಾಗಬಾರದು. ಅದನ್ನು ಸುಖವಾಗಿರುವ ದಿನಕ್ಕೆ ಎತ್ತಿಡುತ್ತೇನೆ.

ಹಾಡು ಗೆಡ್ಡೆ ಕರಗಿಸುವುದಿಲ್ಲ. ಇದನ್ನು ಮೊದಲ ದಿನವೇ ಹೇಳುತ್ತೇನೆ. 2021ರಲ್ಲಿ, ವೈದ್ಯಕೀಯ ಸಂಶೋಧನೆಗಳನ್ನು ಪರಿಶೀಲಿಸುವ ಕೊಕ್ರೇನ್ ಸಂಸ್ಥೆ 81 ಪ್ರಯೋಗಗಳನ್ನು ಒಟ್ಟಿಗೆ ತೂಗಿ ನೋಡಿ, ದೊಡ್ಡವರಲ್ಲಿ ಆತಂಕ, ನೋವು, ಆಯಾಸ ತಗ್ಗಲು ಸಂಗೀತದಿಂದ ಸಹಾಯವಾಗಬಹುದು ಎಂದಿತು. ಅಷ್ಟಾದರೂ ದೊಡ್ಡದೇ.

ಶುರುವಿನಲ್ಲಿ ಒಂದು ತಪ್ಪು ಮಾಡಿದೆ. ಇಂದಿಗೂ ಮನಸ್ಸಿನಿಂದ ಹೋಗಿಲ್ಲ. ಟಿಮ್ ಮ್ಯಾಕ್‌ಗ್ರಾ 2004ರಲ್ಲಿ ಹಾಡಿದ, ಮನೆಮಾತಾದ ಕಂಟ್ರಿ ಹಾಡೊಂದಿದೆ. ಬೇಸ್‌ಬಾಲ್ ಆಟಗಾರನಾಗಿದ್ದ ಅವರ ತಂದೆ ಟಗ್ ಮ್ಯಾಕ್‌ಗ್ರಾ ಅದೇ ವರ್ಷದ ಜನವರಿಯಲ್ಲಿ ಮಿದುಳಿನ ಕ್ಯಾನ್ಸರಿನಿಂದ ತೀರಿಕೊಂಡಿದ್ದರು. ಹಾಡಿನೊಳಗಿನ ಮನುಷ್ಯ ಕೆಟ್ಟ ಸುದ್ದಿ ಕೇಳಿದ ಮೇಲೆ ಆಕಾಶದಿಂದ ಧುಮುಕುತ್ತಾನೆ, ಬೆಟ್ಟ ಹತ್ತುತ್ತಾನೆ, ಹೋರಿ ಸವಾರಿ ಮಾಡುತ್ತಾನೆ. ಒಬ್ಬ ಹೆಂಡತಿ ತನ್ನ ಗಂಡನಿಗಾಗಿ ಅದನ್ನು ಹಾಡಿ ಎಂದರು. ನಾನು ಗಂಡನನ್ನು ಕೇಳದೆ ಹಾಡಿದೆ. ಮೂವತ್ತರ ಆಸುಪಾಸಿನ ಹುಡುಗ, ಬಚ್ಚಲಿಗೆ ಹೋಗಲೂ ಇಬ್ಬರು ಹಿಡಿದುಕೊಳ್ಳಬೇಕಾದ ಸ್ಥಿತಿ. ಎರಡನೇ ಚರಣಕ್ಕೆ ಗೋಡೆಯ ಕಡೆ ಹೊರಳಿದ. ನಾನು ಹಾಡು ಮುಗಿಸಿದೆ, ಅದು ಎರಡನೇ ತಪ್ಪು. ಅಲ್ಲೇ ನಿಲ್ಲಿಸಬೇಕಿತ್ತು. ಹಾಡು ಒಳ್ಳೆಯದೇ. ಕಾಲಲ್ಲಿ ಕಸುವಿರುವವರಿಗೆ, ಹಿಂದೆ ಉಳಿದವರಿಗೆ ಅದು ದಾರಿ ತೋರಿಸುತ್ತದೆ. ಮಂಚ ಬಿಟ್ಟು ಏಳಲಾಗದವನಿಗೆ ಅದು ಅವನು ಮಾಡಲಾಗದ್ದರ ಪಟ್ಟಿ. ಅಂದಿನಿಂದ ಮೊದಲು ಕೇಳುವುದು ಮಂಚದ ಮೇಲಿರುವವರನ್ನು. ಹಾಡಿನಲ್ಲಿ ಏನು ಬರುತ್ತದೆ ಎಂದೂ ಮುಂಚೆಯೇ ಹೇಳುತ್ತೇನೆ.

ಇನ್ನೊಂದು ಕುಟುಂಬದ ವಿಷಯ ಬರೆಯಲೇಬೇಕು. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ಗಂಡ ಹಾಲಿನ ಟ್ಯಾಂಕರ್ ಓಡಿಸುವವನು. ಹೆಂಡತಿಗೆ ಸ್ತನ ಕ್ಯಾನ್ಸರ್, ಶಸ್ತ್ರಚಿಕಿತ್ಸೆ ಮುಗಿದು ಕೀಮೋ ನಡೆಯುತ್ತಿತ್ತು. ಹದಿನೈದರ ಮಗಳು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಮೂಲೆಯಲ್ಲಿ ಕೂರುತ್ತಿದ್ದಳು. ಮೂವರೂ ಮಾತಾಡುತ್ತಿದ್ದರು, ನರ್ಸ್ ಜೊತೆ, ನನ್ನ ಜೊತೆ. ಅವರವರ ನಡುವೆ ಮಾತ್ರ "ನೀರು ಬೇಕಾ", "ಟಿವಿ ಹಾಕ್ಲಾ" ಅಷ್ಟೇ. ನನಗೆ ಸಾಗರದ ನಮ್ಮ ಮನೆಯೇ ಕಣ್ಣಮುಂದೆ ಬಂತು.

ಒಂದು ದಿನ ಐಸ್ ಮೆಷಿನ್ ಹತ್ತಿರ ಗಂಡ ನನ್ನನ್ನು ತಡೆದು, ಮಾರ್ಟಿನಾ ಮ್ಯಾಕ್‌ಬ್ರೈಡ್‌ರ ಆ ಹಾಡು ಹಾಡ್ತೀರಾ, ನಾನು ಕೇಳಿದ್ದು ಅಂತ ಹೇಳಬೇಡಿ ಅಂದ. ಮೊದಲು ಅವರನ್ನು ಕೇಳುತ್ತೇನೆ ಎಂದೆ. ಒಳಗೆ ಹೋಗಿ ಆಕೆಗೆ ಹಾಡಿನ ಕತೆ ಹೇಳಿ, ಮೂರು ಮಕ್ಕಳ ತಾಯಿ ಬರುತ್ತಾಳೆ, ಹಾಡಲೇ ಅಂದೆ. ಆಕೆ ಮೂಲೆಯ ಕಡೆ ನೋಡಿ, "ಹಾಡಿ, ಮಕ್ಕಳ ಸಾಲು ಬಿಟ್ಟುಬಿಡಿ" ಅಂದಳು. ಮೂಲೆಯಿಂದ ಮಗಳು ಒಂದು ಕಿವಿಯ ಇಯರ್‌ಫೋನ್ ತೆಗೆದು, "ಅದನ್ನೂ ಹಾಡಿ" ಅಂದಳು. ನಾನು ತಾಯಿಯನ್ನು ನೋಡಿದೆ. ಸ್ವಲ್ಪ ತಡೆದು ತಲೆಯಾಡಿಸಿದಳು.

ಶ್ರುತಿ ತಗ್ಗಿಸಿ, ರೇಡಿಯೋದಲ್ಲಿ ಬರುವುದಕ್ಕಿಂತ ನಿಧಾನವಾಗಿ ಹಾಡಿದೆ. ಹಾಡುವಾಗ ಒಂದು ವಿಷಯ ಕಂಡೆ. ಅಲ್ಲಿಂದಾಚೆ ಪ್ರತಿ ಕೋಣೆಯಲ್ಲೂ ಅದನ್ನು ಕಾಣುತ್ತ ಬಂದಿದ್ದೇನೆ. ಮೂವರ ಕಣ್ಣೂ ನನ್ನ ಎಡಗೈ ಬೆರಳುಗಳ ಮೇಲಿತ್ತು. ಒಬ್ಬರ ಮುಖ ಒಬ್ಬರು ನೋಡಬೇಕಾಗಿರಲಿಲ್ಲ. ಅದಕ್ಕೇ ಮೂವರ ಕಣ್ಣೂ ತುಂಬಿ ಹರಿಯಿತು, ಯಾರೂ ಎದ್ದು ಹೊರಗೆ ಹೋಗಲಿಲ್ಲ. ಒಟ್ಟಿಗೆ ಅಳಲು ನಮ್ಮ ಮನೆಗೆ ಸಿಗದಿದ್ದ ಜಾಗ ಇದೇ ಅನ್ನಿಸಿತು.

ಹಾಡು ಮುಗಿದ ಮೇಲೆ ನಾನು ಮಾತಾಡುವುದಿಲ್ಲ. ಜಿ ಕಾರ್ಡನ್ನು ಮೆಲ್ಲಗೆ ಮೀಟುತ್ತ ಇರುತ್ತೇನೆ. ಪೂರ್ತಿ ಮೌನವಾದರೆ ಯಾರಾದರೂ ಹೆದರಿ ಟಿವಿ ಹಾಕುತ್ತಾರೆ. ಒಂದು ನಿಮಿಷದ ಮೇಲಾಗಿರಬೇಕು, ಮಗಳು ಕೇಳಿದಳು, "ಆ ಹಾಡಿನ ಹೆಂಗಸು ಉಳೀತಾಳಾ?"

"ಹಾಡು ಅಲ್ಲಿವರೆಗೆ ಹೋಗಲ್ಲ" ಅಂದಳು ತಾಯಿ.

"ನೀನು?"

"ಗೊತ್ತಿಲ್ಲ ಕಂದ. ಡಾಕ್ಟರಿಗೂ ಗೊತ್ತಿಲ್ಲ."

ಹುಡುಗಿ ಎದ್ದು ಬಂದು ಮಂಚದ ಅಂಚಿನಲ್ಲಿ ಕೂತಳು. ನಾನು ಗಿಟಾರ್ ಎತ್ತಿಕೊಂಡು ಹೊರಬಂದೆ.

ಅವತ್ತು ರಾತ್ರಿ ಸಾಗರಕ್ಕೆ ಫೋನ್ ಮಾಡಿದೆ. ಅಲ್ಲಿ ಬೆಳಗಿನ ಕಾಫಿ ಹೊತ್ತು. "ಅಪ್ಪ, ಅಮ್ಮನಿಗೆ ಕ್ಯಾನ್ಸರ್ ಆಗಿತ್ತಲ್ಲ" ಎಂದು ಶುರುಮಾಡಿದೆ. ಆ ಪದವನ್ನು ಅಪ್ಪನ ಎದುರು ಹೇಳಿದ್ದು ಅದೇ ಮೊದಲು. ಆಚೆಯಿಂದ ಬಹಳ ಹೊತ್ತು ಏನೂ ಕೇಳಿಸಲಿಲ್ಲ. ಆಮೇಲೆ ನಲವತ್ತು ನಿಮಿಷ ಮಾತಾಡಿದರು. ಬಸ್ಸಿನಲ್ಲಿ ಅವಳು ಉಟ್ಟಿದ್ದ ಸೀರೆ, ಬಿಸಿನೀರಿನ ಫ್ಲಾಸ್ಕ್, ತುಮಕೂರು ದಾಟಿದ ಮೇಲೆ ಅವಳು ಅಪ್ಪನ ಹೆಗಲಿಗೆ ತಲೆಯಿಟ್ಟು ನಿದ್ದೆ ಬಂದವಳ ಹಾಗೆ ಇದ್ದದ್ದು.

ಆ ಕುಟುಂಬದ ಜೊತೆ ಮುಂದಿನ ವಾರಗಳಲ್ಲಿ ಅವರದೇ ಒಂದು ಹಾಡು ಕಟ್ಟಿದೆವು. ನಾನು ಮೂರು ಕಾರ್ಡಿನ ಒಂದು ಸರಳ ಮಟ್ಟು ಕೊಟ್ಟು, ಸಾಲುಗಳನ್ನು ಖಾಲಿ ಬಿಡುತ್ತೇನೆ. ತುಂಬುವುದು ಮನೆಯವರು. ಅಲ್ಲಿ ಒಂದೇ ಕಟ್ಟಳೆ: ದೊಡ್ಡ ಮಾತು ಬೇಡ, ಮಾಡುವ ಕೆಲಸ ಹೇಳಿ. "ಧೈರ್ಯವಾಗಿರು" ಎಂದು ಗಂಡ ಬರೆದಾಗ, ಅವರಿಗಾಗಿ ಬೆಳಗ್ಗೆ ಏನು ಮಾಡ್ತೀರಿ ಎಂದು ಕೇಳಿದೆ. ತಲೆ ಕೆರೆದುಕೊಂಡು ಹೇಳಿದ, ನಾಲ್ಕೂವರೆಗೆ ಎದ್ದು ಗಾಡಿಯ ಹೀಟರ್ ಹಾಕಿ ಬರ್ತೀನಿ, ಅವಳು ಕೂರೋ ಹೊತ್ತಿಗೆ ಸೀಟು ತಣ್ಣಗಿರಬಾರದು. ಹೆಂಡತಿ ತಿರುಗಿ ಅವನನ್ನೇ ನೋಡಿದಳು. ಸೀಟು ಬೆಚ್ಚಗಿರುವುದು ತಾನಾಗಿಯೇ ಎಂದುಕೊಂಡಿದ್ದಳಂತೆ. ಅದೇ ಪಲ್ಲವಿಯಾಯಿತು. ಪ್ರಾಸ ಸರಿಮಾಡಿದ್ದು ಮಗಳು. ಅಪ್ಪ ಬರೆದದ್ದನ್ನು ಅಡ್ಡಗೆರೆ ಎಳೆದು ತಿದ್ದುತ್ತಿದ್ದಳು, ಅವನು ಪ್ರತಿ ಸಲ ಸರಿ ಸರಿ ಅನ್ನುತ್ತಿದ್ದ.

ಕೊನೆಯ ಕೀಮೋ ದಿನ ಫೋನಿನಲ್ಲಿ ಅದನ್ನು ರೆಕಾರ್ಡ್ ಮಾಡಿಕೊಳ್ಳೋಣ ಎಂದುಕೊಂಡಿದ್ದೆವು. ನಾನೇ ಹಾಡಲು ಸಿದ್ಧಳಾಗಿ ಹೋಗಿದ್ದೆ. ಗಂಡ ಗಿಟಾರ್ ಕೊಡಿ ಅಂದ. ಟ್ಯಾಂಕರ್ ನಿಲ್ಲಿಸಿದಲ್ಲೆಲ್ಲ ಅಭ್ಯಾಸ ಮಾಡಿದ್ದನಂತೆ. ಒರೆಸಿ ಕೊಟ್ಟೆ. ಸ್ಟಿಯರಿಂಗ್ ಹಿಡಿದು ದಪ್ಪಗಾದ ಬೆರಳು, ಜಿಯಿಂದ ಸಿಗೆ ಬರುವಾಗ ಪ್ರತಿ ಸಲ ಒಂದು ತಂತಿ ಸತ್ತ ಸದ್ದು ಮಾಡುತ್ತಿತ್ತು. ಮೊದಲ ಚರಣ ಹಾಡಿದ. ಸೀಟಿನ ಸಾಲಿಗೆ ಬಂದಾಗ ಗಂಟಲು ಕಟ್ಟಿ ನಿಂತುಹೋಯಿತು, ಕೈ ಮಾತ್ರ ಮೀಟುತ್ತಲೇ ಇತ್ತು. ಮಗಳು ಫೋನನ್ನು ಅಮ್ಮನ ಕೈಗಿಟ್ಟು ಅಲ್ಲಿಂದ ಎತ್ತಿಕೊಂಡಳು. ಅಮ್ಮ ಫೋನನ್ನು ಸ್ವಲ್ಪ ಎತ್ತಿ ಹಿಡಿದಳು, ಇಬ್ಬರೂ ಕಾಣುವ ಹಾಗೆ.