ಜೆಲ್ ಆದರೆ ಪೂರ್ತಿ ಆಗಲಿ: ವಿಜಯಪುರದ ಸೆಕೆಯಲ್ಲಿ ನನ್ನ ಸಾಬೂನು

ಕೋಲ್ಡ್ ಪ್ರೊಸೆಸ್ ಸಾಬೂನು, ಅಂದರೆ ಒಲೆಯ ಮೇಲೆ ಬೇಯಿಸದೆ ಮಾಡುವ ಸಾಬೂನು, ಹೆಸರಿಗೆ ಮಾತ್ರ ತಣ್ಣಗೆ. ಎಣ್ಣೆಗೆ ಕಾಸ್ಟಿಕ್ ಸೋಡಾ ನೀರು ಸೇರಿದರೆ ತಾನಾಗಿಯೇ ಕಾವು ಹುಟ್ಟುತ್ತದೆ. ಅಚ್ಚಿನ ನಡುಭಾಗ 60ರಿಂದ 80 ಡಿಗ್ರಿ ಮುಟ್ಟಿದರೆ ಸಾಬೂನು ವ್ಯಾಸಲೀನ್ ಹಾಗೆ ಅರೆಪಾರದರ್ಶಕವಾಗುತ್ತದೆ. ಇದೇ ಜೆಲ್. ನೀರು ಜಾಸ್ತಿ ಹಾಕಿದರೆ ಕಡಿಮೆ ಕಾವಿಗೇ ಆಗುತ್ತದೆ, ನೀರು ಕಡಿಮೆ ಮಾಡಿದರೆ ಇನ್ನೂ ಹೆಚ್ಚು ಕಾವು ಬೇಕು.

ಜೆಲ್ ಆದ ಸಾಬೂನೂ ಒಳ್ಳೆಯದೇ, ಆಗದ್ದೂ ಒಳ್ಳೆಯದೇ. ನೋಡಲು ಕೆಡುವುದು ಅರ್ಧಂಬರ್ಧ ಆದಾಗ. ನಡುವೆ ಬಿಸಿ, ಅಂಚಿನಲ್ಲಿ ತಣ್ಣಗೆ. ಕೊಯ್ದರೆ ನಡುವೆ ಕಡು ಬಣ್ಣದ ವೃತ್ತ ಕಾಣುತ್ತದೆ. ಬಳಸಲು ತೊಂದರೆ ಇಲ್ಲ, ಕೊಳ್ಳುವವರು ಮಾತ್ರ ಮೂಗು ಮುರಿಯುತ್ತಾರೆ.

ನನ್ನ ಅಳತೆ ಹೀಗಿದೆ. ಕೊಬ್ಬರಿ ಎಣ್ಣೆ 400 ಗ್ರಾಂ, ಶೇಂಗಾ ಎಣ್ಣೆ 400, ಹರಳೆಣ್ಣೆ 100, ಕುಸುಬಿ ಎಣ್ಣೆ 100. ಕಾಸ್ಟಿಕ್ ಸೋಡಾ 145 ಗ್ರಾಂ, ನೀರು 290 ಗ್ರಾಂ. ಎಲ್ಲವನ್ನೂ ತೂಕ ಮಾಡಿಯೇ ಹಾಕಬೇಕು. ಕುಸುಬಿ ನಮ್ಮ ಕಡೆಯ ಎಣ್ಣೆ ಅಂತ ಜಾಸ್ತಿ ಸುರಿಯಬೇಡಿ, ಸಾಬೂನು ಮೆತ್ತಗಾಗಿ ಬೇಗ ಕಮಟು ವಾಸನೆ ಬರುತ್ತದೆ. ನೀರು ಡಿಸ್ಟಿಲ್ಡ್ ಇರಲಿ, ಗಡಸು ಬೋರ್ ನೀರು ಬೇಡ. ಕಾಸ್ಟಿಕ್ ಅನ್ನೇ ನೀರಿಗೆ ಹಾಕಬೇಕು, ನೀರನ್ನು ಅದರ ಮೇಲೆ ಸುರಿಯಬಾರದು. ಸ್ಟೀಲ್ ಪಾತ್ರೆ, ಕೈಗವಸು, ಕನ್ನಡಕ ಬೇಕೇ ಬೇಕು. ಅಲ್ಯೂಮಿನಿಯಂ ಹತ್ತಿರ ತರಬೇಡಿ.

ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ ಮಧ್ಯಾಹ್ನ ಹೊರಗೇ 40 ಡಿಗ್ರಿ. ಕಾಸ್ಟಿಕ್ ನೀರು ಆರುವುದಾದರೂ ಹೇಗೆ? ಹಾಗಾಗಿ ನಸುಕಿನಲ್ಲೇ ಕೆಲಸಕ್ಕೆ ಕೂರುತ್ತೇನೆ. ಕಾಸ್ಟಿಕ್ ಪಾತ್ರೆಯನ್ನು ತಣ್ಣೀರಿನ ಬುಟ್ಟಿಯಲ್ಲಿ ಇಟ್ಟು, ಎಣ್ಣೆ, ಕಾಸ್ಟಿಕ್ ನೀರು ಎರಡೂ 38 ಡಿಗ್ರಿ ಆಸುಪಾಸಿಗೆ ಇಳಿದ ಮೇಲೆ ಬೆರೆಸುತ್ತೇನೆ. ಅಚ್ಚಿಗೆ ಒಂದು ಮುಚ್ಚಳ ಸಾಕು, ಜೆಲ್ ತಾನೇ ಅಂಚಿನವರೆಗೂ ಹರಡುತ್ತದೆ. ಮೇಲೆ ಸೀಳು ಬಿಟ್ಟರೆ ಕಾವು ಮಿತಿ ಮೀರಿದೆ ಅಂತ ಅರ್ಥ. ತಕ್ಷಣ ಮುಚ್ಚಳ ತೆಗೆದು ಫ್ಯಾನ್ ಕೆಳಗೆ ಇಡುತ್ತೇನೆ. ಇನ್‌ಫ್ರಾರೆಡ್ ಥರ್ಮಾಮೀಟರ್ ಮೇಲ್ಮೈ ಕಾವು ಮಾತ್ರ ತೋರಿಸುತ್ತದೆ, ಅದನ್ನೊಂದೇ ನಂಬಿ ಕೂರುವಂತಿಲ್ಲ.

ಚಳಿಗಾಲದ ಆಟವೇ ಬೇರೆ. ಕೊಬ್ಬರಿ ಎಣ್ಣೆ 24 ಡಿಗ್ರಿ ಕೆಳಗೆ ಹೆಪ್ಪುಗಟ್ಟುತ್ತದೆ. ತಣ್ಣಗಿದ್ದಾಗ ಬೆರೆಸಿದರೆ ಎಣ್ಣೆ ಗಟ್ಟಿಯಾಗಿದ್ದನ್ನೇ ಟ್ರೇಸ್ (ಎಣ್ಣೆ, ಕಾಸ್ಟಿಕ್ ನೀರು ಒಂದಾಗಿ ಮಿಶ್ರಣ ಮಂದವಾಗುವ ಹಂತ) ಬಂತು ಅಂತ ಮೋಸ ಹೋಗುತ್ತೇವೆ. ಆಗ 45ರ ಹತ್ತಿರ ಬೆರೆಸಿ, ಅಚ್ಚನ್ನು ರಟ್ಟಿನ ಡಬ್ಬಿಯಲ್ಲಿಟ್ಟು ಹಳೆಯ ಕೌದಿ ಸುತ್ತುತ್ತೇನೆ. ಬೆಳಿಗ್ಗೆವರೆಗೂ ಬಿಚ್ಚುವುದಿಲ್ಲ. ಸುಮ್ನೆ ಮತ್ತೆ ಮತ್ತೆ ತೆಗೆದು ನೋಡಿದರೆ ಅಂಚು ಆರಿ ಅದೇ ವೃತ್ತ ಬರುತ್ತದೆ.

ಬೆಲ್ಲದ ಸಾಬೂನಿಗೆ ಮಾತ್ರ ಜೆಲ್ ಬೇಡ ಅನ್ನುವವನು ನಾನು. ಮಹಾಲಿಂಗಪುರದ ಬೆಲ್ಲ ಎಷ್ಟು ಚೆನ್ನಾಗಿದ್ದರೂ ಸಕ್ಕರೆ ಅಂಶ ಕಾವು ಏರಿಸುತ್ತದೆ, ಅಚ್ಚಿನಿಂದ ಉಕ್ಕಿ ಹೊರಬರಲೂಬಹುದು. ಕಿಲೋ ಎಣ್ಣೆಗೆ ಒಂದು ಚಮಚ ಸಾಕು. ಅಳೆದಿಟ್ಟ ನೀರಿನಲ್ಲೇ ಸ್ವಲ್ಪ ತೆಗೆದು ಅದರಲ್ಲಿ ಕರಗಿಸಿ ಎಣ್ಣೆಗೆ ಹಾಕುತ್ತೇನೆ. ಸಣ್ಣ ಸಣ್ಣ ಅಚ್ಚುಗಳಿಗೆ ಹೊಯ್ದು ಒಂದು ದಿನ ಫ್ರಿಜ್‌ನಲ್ಲಿ ಇಡುತ್ತೇನೆ (ಹಾಲಿನ ಪಾತ್ರೆ ಎಲ್ಲಿಡೋಣ ಅಂತ ಮನೆಯವರ ಗೊಣಗಾಟ ಇದ್ದದ್ದೇ). ಜೆಲ್ ಆಗದ ಸಾಬೂನು ಗಟ್ಟಿಯಾಗಲು ಜಾಸ್ತಿ ಹೊತ್ತು ಬೇಕು. ಮೂರ್ನಾಲ್ಕು ದಿನ ಬಿಟ್ಟು ಅಚ್ಚಿನಿಂದ ತೆಗೆಯಿರಿ, ಇಲ್ಲದಿದ್ದರೆ ಮೂಲೆ ಮುರಿಯುತ್ತದೆ. ಮೇಲೆ ಬಿಳಿ ಪುಡಿ ಕೂತರೆ ಒದ್ದೆ ಬಟ್ಟೆಯಿಂದ ಒರೆಸಿ. ಆಮೇಲೆ ಎರಡೂ ಬಗೆಗೆ ಒಂದೇ ನಿಯಮ: ಗಾಳಿಯಾಡುವ ಕಡೆ ನಾಲ್ಕರಿಂದ ಆರು ವಾರ.