ನವೀಕರಿಸಿದ ಹಳೆಯ ಪಿಕಪ್ ಕೊಳ್ಳುವ ಮುನ್ನ ಪರೀಕ್ಷಿಸುವುದು ಹೇಗೆ?

ಅಮೆರಿಕದಲ್ಲಿ ಮಾರಾಟಕ್ಕೆ ಬರುವ ನವೀಕರಿಸಿದ ಹಳೆಯ ಪಿಕಪ್‌ಗಳಲ್ಲಿ ಮೂರು ಮಾದರಿಗಳು ಮತ್ತೆ ಮತ್ತೆ ಕಾಣಸಿಗುತ್ತವೆ: 1947ರಿಂದ 1955ರ ಆರಂಭದವರೆಗೆ ತಯಾರಾದ ಗುಂಡನೆಯ ಮೂತಿಯ ಷೆವ್ರೊಲೆಟ್ 3100, 1953ರಿಂದ 1956ರವರೆಗಿನ ಫೋರ್ಡ್ ಎಫ್-100 ಮತ್ತು 1967ರಿಂದ 1972ರವರೆಗಿನ ಷೆವ್ರೊಲೆಟ್ ಸಿ-10. ಹೊರಗಿನ ರೂಪವನ್ನು ಹಾಗೆಯೇ ಉಳಿಸಿ, ಒಳಗೆ ಇತ್ತೀಚಿನ ಎಂಜಿನ್, ಡಿಸ್ಕ್ ಬ್ರೇಕ್, ಪವರ್ ಸ್ಟಿಯರಿಂಗ್ ಮತ್ತು ಹವಾನಿಯಂತ್ರಣ ಅಳವಡಿಸಿದ ಇಂತಹ ಗಾಡಿಗಳನ್ನು ‘ರೆಸ್ಟೊಮಾಡ್’ ಎನ್ನುತ್ತಾರೆ. ಇವುಗಳಲ್ಲಿ ಹಳೆಯ ಭಾಗವೂ ಹೊಸ ಭಾಗವೂ ಬಿಡಿಬಿಡಿಯಾಗಿ ಕೈಕೊಡುವುದು ಕಡಿಮೆ. ತೊಂದರೆ ಹುಟ್ಟುವುದು ಅವೆರಡೂ ಸೇರುವ ಜಾಗದಲ್ಲಿ. ಆದ್ದರಿಂದ ಕೊಳ್ಳುವವರು ಬಣ್ಣದ ಹೊಳಪಿಗಿಂತ ಮೊದಲು ಈ ಸಂಧಿಗಳನ್ನು ನೋಡಬೇಕು. ಕೆಳಗಿನ ಪರೀಕ್ಷೆಯ ಕ್ರಮವೂ ಅದನ್ನೇ ಅನುಸರಿಸುತ್ತದೆ.

ಮೊದಲು ಕಾಗದಪತ್ರ

ಗಾಡಿಯ ಬಳಿ ಹೋಗುವ ಮುನ್ನವೇ ಒಡೆತನದ ಪತ್ರ, ಅಂದರೆ ಟೈಟಲ್‌ನ ಪ್ರತಿಯನ್ನು ಕೇಳಿ ಪಡೆಯಿರಿ. ಹದಿನೇಳು ಅಂಕಿ-ಅಕ್ಷರಗಳ ಏಕರೂಪದ ಗುರುತಿನ ಸಂಖ್ಯೆ ಅಮೆರಿಕದಲ್ಲಿ ಜಾರಿಗೆ ಬಂದದ್ದು 1981ರ ಮಾದರಿಗಳಿಂದ. ಅದಕ್ಕಿಂತ ಹಿಂದಿನ ಗಾಡಿಗಳಿಗೆ ಒಂದೊಂದು ಕಂಪನಿ ಒಂದೊಂದು ಬಗೆಯ ಚಿಕ್ಕ ಸಂಖ್ಯೆ ಕೊಡುತ್ತಿತ್ತು. ಕೆಲವು ರಾಜ್ಯಗಳು ಒಂದು ಕಾಲದಲ್ಲಿ ಎಂಜಿನ್ ಸಂಖ್ಯೆಯನ್ನೇ ಟೈಟಲ್‌ನಲ್ಲಿ ಬರೆದುಕೊಳ್ಳುತ್ತಿದ್ದವು. ಆ ಎಂಜಿನ್ ತೆಗೆದುಹಾಕಿದ ಮೇಲೆ ಪತ್ರದಲ್ಲಿರುವ ಸಂಖ್ಯೆ ಗಾಡಿಯ ಯಾವ ಭಾಗದಲ್ಲೂ ಸಿಗುವುದಿಲ್ಲ. ಪತ್ರ, ಬಾಗಿಲ ಕಂಬದ ಮೇಲಿನ ಫಲಕ ಮತ್ತು ಚಾಸಿಯ (ಗಾಡಿಯ ಅಡಿಯಲ್ಲಿರುವ ಉಕ್ಕಿನ ಚೌಕಟ್ಟು) ಮೇಲೆ ಒತ್ತಿದ ಸಂಖ್ಯೆ ಒಂದಕ್ಕೊಂದು ತಾಳೆಯಾಗಬೇಕು. ಷೆವ್ರೊಲೆಟ್ ಎಸ್-10ರಂತಹ ಹೊಸ ಪಿಕಪ್‌ನ ಚಾಸಿಯ ಮೇಲೆ ಹಳೆಯ ಕ್ಯಾಬಿನ್ ಕೂರಿಸುವ ರೂಢಿಯೂ ಇದೆ. ಹಾಗೆ ಮಾಡಿದ್ದರೆ ಚಾಸಿಯ ಗುರುತು ಬೇರೆ, ಕ್ಯಾಬಿನ್ನಿನ ಗುರುತು ಬೇರೆ ಆಗಿರುತ್ತದೆ. ನಿಮ್ಮ ರಾಜ್ಯದ ನೋಂದಣಿ ಕಚೇರಿ ಅದನ್ನು ಒಪ್ಪುತ್ತದೆಯೇ ಎಂದು ಹಣ ಕೊಡುವ ಮುನ್ನವೇ ವಿಚಾರಿಸಬೇಕು. ಫಲಕದ ರಿವೆಟ್‌ಗಳು ಹೊಚ್ಚ ಹೊಸದಾಗಿ ಹೊಳೆಯುತ್ತಿದ್ದರೆ ಕಾರಣ ಕೇಳಿ, ಏಕೆಂದರೆ ಗುರುತಿನ ಸಂಖ್ಯೆಯನ್ನು ತಿದ್ದುವುದು ಅಲ್ಲಿ ಫೆಡರಲ್ ಅಪರಾಧ.

ಟೈಟಲ್‌ನಷ್ಟೇ ಮುಖ್ಯವಾದದ್ದು ನಿರ್ಮಾಣದ ದಾಖಲೆ. ಇಂತಹ ಗಾಡಿಗೆ ಕಂಪನಿಯ ಕೈಪಿಡಿ ಇರುವುದಿಲ್ಲ. ಮುಂದಿನ ಬ್ರೇಕ್ ಪ್ಯಾಡ್ ಯಾವ ಕಾರಿನದು, ನೀರಿನ ಪಂಪ್ ಯಾವ ವರ್ಷದ್ದು, ಗೇರ್‌ಬಾಕ್ಸ್‌ಗೆ ಯಾವ ಎಣ್ಣೆ ಹಾಕಬೇಕು ಎಂಬುದೆಲ್ಲ ಕಟ್ಟಿದವರಿಗೆ ಮಾತ್ರ ಗೊತ್ತಿರುತ್ತದೆ. ಬಿಡಿಭಾಗಗಳ ರಸೀದಿ, ವೈರಿಂಗ್ ನಕ್ಷೆ ಮತ್ತು ಬಣ್ಣ ಬಳಿಯುವ ಮುನ್ನ ತೆಗೆದ ಬರಿ ಲೋಹದ ಚಿತ್ರಗಳು ಇರುವ ಗಾಡಿಗೆ ಸ್ವಲ್ಪ ಹೆಚ್ಚು ಬೆಲೆ ಕೊಟ್ಟರೂ ನಷ್ಟವಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ.

ನಂತರ ಗಾಡಿಯ ಅಡಿಭಾಗ

ಗಾಡಿಯನ್ನು ಲಿಫ್ಟ್ ಮೇಲೆ ಏರಿಸಿ ನೋಡಲು ಮಾರುವವರು ಒಪ್ಪದಿದ್ದರೆ ವ್ಯವಹಾರವನ್ನು ಅಲ್ಲಿಗೇ ನಿಲ್ಲಿಸುವುದು ಒಳ್ಳೆಯದು. ಮುಂದಿನ ಗಟ್ಟಿ ಆಕ್ಸೆಲ್ ಮತ್ತು ಪಟ್ಟಾ ಸ್ಪ್ರಿಂಗ್ ತೆಗೆದು, ಎರಡೂ ಚಕ್ರಗಳು ಸ್ವತಂತ್ರವಾಗಿ ಏರಿಳಿಯುವ ಸಸ್ಪೆನ್ಷನ್ ಹಾಕುವುದು ಈ ನವೀಕರಣದ ಮುಖ್ಯ ಕೆಲಸ. ಇದಕ್ಕೆ ಹೆಚ್ಚಾಗಿ ಬಳಸುವುದು 1974ರಿಂದ 1978ರವರೆಗಿನ ಫೋರ್ಡ್ ಮಸ್ಟ್ಯಾಂಗ್-2 ಕಾರಿನ ವಿನ್ಯಾಸವನ್ನು ಆಧರಿಸಿದ ಕಿಟ್. ಅದರ ಅಡ್ಡತೊಲೆಯನ್ನು ಹಳೆಯ ಚಾಸಿಗೆ ಬೆಸುಗೆ ಹಾಕಿರುತ್ತಾರೆ. ಟಾರ್ಚ್ ಹಿಡಿದು ಆ ಬೆಸುಗೆಯ ಉದ್ದಕ್ಕೂ ಕಣ್ಣು ಹಾಯಿಸಿ: ಲೋಹ ಎರಡೂ ಬದಿಗೆ ಸಮನಾಗಿ ಕರಗಿ ಕೂತಿರಬೇಕು. ಮೇಲೆ ಉಂಡೆಗಟ್ಟಿದ, ಸಣ್ಣ ರಂಧ್ರಗಳಿರುವ ಅಥವಾ ಅಲ್ಲಲ್ಲಿ ಮಾತ್ರ ಚುಕ್ಕಿ ಇಟ್ಟಂತಿರುವ ಬೆಸುಗೆಯನ್ನು ಒಪ್ಪಬಾರದು. ಅಡ್ಡತೊಲೆ ಕೂರುವ ಜಾಗದಲ್ಲಿ ಚಾಸಿಯ ತೆರೆದ ಬದಿಗೆ ಉಕ್ಕಿನ ಹಲಗೆ ಸೇರಿಸಿ ಪೆಟ್ಟಿಗೆಯಂತೆ ಮುಚ್ಚಿರಬೇಕು. ಆಮೇಲೆ ಬದಿಯಲ್ಲಿ ನಿಂತು, ಮುಂದಿನ ಚಕ್ರ ಮಡ್‌ಗಾರ್ಡ್‌ನ ಕಮಾನಿನ ನಡುವೆ ಇದೆಯೇ ನೋಡಿ. ಹಿಂದೆ ಅಥವಾ ಮುಂದೆ ಸರಿದಿದ್ದರೆ ಅಳತೆ ತಪ್ಪಿದೆ ಎಂದರ್ಥ.

ಹಿಂಬದಿಯಲ್ಲಿ ಒಂದು ವಿಶೇಷ ಗಮನಿಸಬೇಕು. 1954ರವರೆಗಿನ ಅರ್ಧ ಟನ್ ಷೆವ್ರೊಲೆಟ್‌ಗಳಲ್ಲಿ ಗೇರ್‌ಬಾಕ್ಸ್‌ನಿಂದ ಹಿಂದಿನ ಚಕ್ರಗಳಿಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ಒಂದು ಕೊಳವೆಯೊಳಗೆ ಮುಚ್ಚಿಕೊಂಡಿತ್ತು. ಹೊಸ ಗೇರ್‌ಬಾಕ್ಸ್ ಅದಕ್ಕೆ ಹೊಂದುವುದಿಲ್ಲವಾದ್ದರಿಂದ ಹಿಂದಿನ ಆಕ್ಸೆಲ್ ಅನ್ನೂ ಬದಲಿಸಲೇಬೇಕಾಗುತ್ತದೆ. ಫೋರ್ಡ್‌ನ ‘ಒಂಬತ್ತು ಇಂಚಿನ’ ಆಕ್ಸೆಲ್ (ಒಳಗಿನ ದೊಡ್ಡ ಹಲ್ಲುಚಕ್ರದ ವ್ಯಾಸದಿಂದ ಬಂದ ಹೆಸರು) ಇದಕ್ಕೆ ಜನಪ್ರಿಯ. ಹೊಸ ಆಕ್ಸೆಲ್‌ನ ಸ್ಪ್ರಿಂಗ್ ಪೀಠಗಳ ಬೆಸುಗೆಯನ್ನೂ ಅಷ್ಟೇ ಎಚ್ಚರದಿಂದ ನೋಡಿ.

ಬ್ರೇಕ್ ಮತ್ತು ಸ್ಟಿಯರಿಂಗ್

ಈ ಭಾಗಕ್ಕೆ ಎಷ್ಟು ಸಮಯ ಕೊಟ್ಟರೂ ಹೆಚ್ಚಲ್ಲ. 1950ರ ದಶಕದ ಪಿಕಪ್‌ನಲ್ಲಿ ಪೆಡಲ್ ಒತ್ತಿದಾಗ ಬ್ರೇಕ್ ದ್ರವವನ್ನು ಚಕ್ರಗಳತ್ತ ತಳ್ಳುವ ಮಾಸ್ಟರ್ ಸಿಲಿಂಡರ್‌ಗೆ ಒಂದೇ ಕೋಣೆ ಇತ್ತು. ಎಲ್ಲಿ ಸೋರಿದರೂ ನಾಲ್ಕೂ ಚಕ್ರಗಳ ಬ್ರೇಕ್ ಒಟ್ಟಿಗೇ ಹೋಗುತ್ತಿತ್ತು. ನವೀಕರಿಸಿದ ಗಾಡಿಯಲ್ಲಿ ಎರಡು ಕೋಣೆಗಳ ಸಿಲಿಂಡರ್ ಇರಲೇಬೇಕು. ಅದನ್ನು ಹಳೆಯ ಜಾಗದಲ್ಲಿಯೇ, ಅಂದರೆ ಕಾಲಡಿಯ ನೆಲದ ಕೆಳಗೆ ಇಟ್ಟಿದ್ದರೆ ಬ್ರೇಕ್ ದ್ರವ ಚಕ್ರಗಳ ಕಡೆಯಿಂದ ಹಿಂದಕ್ಕೆ ಹರಿದುಬರುವ ಸಾಧ್ಯತೆಯಿದೆ. ಅದನ್ನು ತಡೆಯಲು ಡಿಸ್ಕ್‌ನ ಕೊಳವೆಗೆ 2 ಪಿಎಸ್‌ಐ (ಒತ್ತಡದ ಅಳತೆ: ಚದರ ಇಂಚಿಗೆ ಪೌಂಡ್), ಡ್ರಮ್‌ನ ಕೊಳವೆಗೆ 10 ಪಿಎಸ್‌ಐ ಉಳಿಕೆ ಒತ್ತಡದ ಕವಾಟಗಳನ್ನು ಹಾಕಿರಬೇಕು. ಇವು ಎಲ್ಲಿವೆ ಎಂದು ಕೇಳಿ. ಕಟ್ಟಿದವರು ಬೆರಳಿಟ್ಟು ತೋರಿಸಬಲ್ಲರೆ ಉಳಿದ ಕೆಲಸದ ಬಗ್ಗೆಯೂ ಭರವಸೆ ಮೂಡುತ್ತದೆ.

ಎಂಜಿನ್ನಿನ ನಿರ್ವಾತದಿಂದ ಪೆಡಲ್‌ಗೆ ಬಲ ಕೂಡಿಸುವ ಬೂಸ್ಟರ್‌ನ ಪರೀಕ್ಷೆ ಸುಲಭ. ಎಂಜಿನ್ ನಿಲ್ಲಿಸಿ ಪೆಡಲ್ ಗಟ್ಟಿಯಾಗುವವರೆಗೆ ನಾಲ್ಕೈದು ಸಲ ಒತ್ತಿ, ಹಾಗೆಯೇ ಒತ್ತಿ ಹಿಡಿದು ಎಂಜಿನ್ ಚಾಲೂ ಮಾಡಿ. ಪೆಡಲ್ ತುಸು ಕೆಳಗಿಳಿದು ನಿಲ್ಲಬೇಕು. ಇಳಿಯದಿದ್ದರೆ ಬೂಸ್ಟರ್‌ಗೆ ನಿರ್ವಾತ ಸಾಲುತ್ತಿಲ್ಲ; ಗಡಗಡಿಸುವ ಸದ್ದಿಗಾಗಿ ತೀಕ್ಷ್ಣ ಕ್ಯಾಮ್‌ಶಾಫ್ಟ್ (ಎಂಜಿನ್ನಿನ ಕವಾಟಗಳನ್ನು ತೆರೆಯುವ ದಂಡ) ಹಾಕಿದ ಎಂಜಿನ್‌ಗಳಲ್ಲಿ ಹೀಗಾಗುವುದುಂಟು. ನಿಲ್ಲದೆ ಇಳಿಯುತ್ತಲೇ ಹೋದರೆ ದ್ರವ ಸೋರುತ್ತಿದೆ.

ಸ್ಟಿಯರಿಂಗ್ ಶಾಫ್ಟ್ ಹಳೆಯ ಕ್ಯಾಬಿನ್ನಿನಿಂದ, ಮುಂದಿನ ಚಕ್ರಗಳನ್ನು ತಿರುಗಿಸುವ ಹೊಸ ರ್‍ಯಾಕ್‌ವರೆಗೆ ಎಂಜಿನ್ ಪಕ್ಕದಲ್ಲೇ ಬಳಸಿಕೊಂಡು ಹೋಗುತ್ತದೆ. ಅದರ ಕೀಲುಗಳು ಬಿಸಿ ಹೊಗೆಕೊಳವೆಗೆ ತಾಗುತ್ತಿವೆಯೇ ಎಂದು ನೋಡಲು, ಒಬ್ಬರು ಸ್ಟಿಯರಿಂಗ್ ಚಕ್ರವನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ತಿರುಗಿಸುವಾಗ ಇನ್ನೊಬ್ಬರು ಬಾನೆಟ್ ಎತ್ತಿ ಗಮನಿಸಬೇಕು.

ಎಂಜಿನ್, ಇಂಧನ, ವೈರಿಂಗ್

ಷೆವ್ರೊಲೆಟ್‌ಗಳಿಗೆ ಜನರಲ್ ಮೋಟರ್ಸ್‌ನ ಎಲ್‌ಎಸ್ ಕುಟುಂಬದ ವಿ-8 ಎಂಜಿನ್, ಅದರಲ್ಲೂ ಪಿಕಪ್‌ಗಳಿಂದ ಬಿಚ್ಚಿದ 5.3 ಲೀಟರಿನದು, ಸಾಮಾನ್ಯ ಆಯ್ಕೆ. ಇದು ಕಂಪ್ಯೂಟರ್ ನಿಯಂತ್ರಿತ. ತಪಾಸಣೆಯ ಪ್ಲಗ್ ಉಳಿಸಿಕೊಂಡಿದ್ದರೆ ನಿಮ್ಮದೇ ಸ್ಕ್ಯಾನರ್ ಚುಚ್ಚಿ ದೋಷಸಂಕೇತಗಳನ್ನು ಓದಬಹುದು. ಕಾರ್ಬ್ಯುರೇಟರ್ ಇದ್ದ ಕಾಲದಲ್ಲಿ ಪೆಟ್ರೋಲ್ ಕೊಳವೆಯಲ್ಲಿ ನಾಲ್ಕಾರು ಪಿಎಸ್‌ಐ ಒತ್ತಡವಿದ್ದರೆ, ಈ ಎಂಜಿನ್‌ಗೆ ಸುಮಾರು 58 ಪಿಎಸ್‌ಐ ಬೇಕು. ಹಳೆಯ ಬಗೆಯ ರಬ್ಬರ್ ಕೊಳವೆಗೆ ಸಾಧಾರಣ ಕ್ಲಿಪ್ ಬಿಗಿದಿದ್ದು ಕಂಡರೆ ಅದು ಬೆಂಕಿಗೆ ದಾರಿ. ಇಂಧನದ ಟ್ಯಾಂಕ್ ಎಲ್ಲಿದೆ ಎಂದೂ ನೋಡಿ: 1972ರವರೆಗಿನ ಸಿ-10ರಲ್ಲಿ ಅದು ಸೀಟಿನ ಹಿಂದೆ, ಕ್ಯಾಬಿನ್ನಿನ ಒಳಗೇ ಇತ್ತು. ಅದನ್ನು ಹಿಂಬದಿಯ ಚಾಸಿಯ ನಡುವೆ ಇಳಿಸಿದ ಗಾಡಿಯನ್ನೇ ನಾನು ಆರಿಸುತ್ತೇನೆ.

3100 ಮೊದಲು ಆರು ವೋಲ್ಟಿನ ಗಾಡಿ. ಫೋರ್ಡ್ ಪಿಕಪ್ ಹನ್ನೆರಡು ವೋಲ್ಟಿಗೆ ಬಂದದ್ದು 1956ರಲ್ಲಿ. ಆದ್ದರಿಂದ ವೈರಿಂಗ್ ಪೂರ್ತಿ ಹೊಸದಾಗಿರಬೇಕು. ಡ್ಯಾಶ್‌ಬೋರ್ಡ್ ಕೆಳಗೆ ತಲೆ ಹಾಕಿ: ತಂತಿಗಳು ಕಟ್ಟುಕಟ್ಟಾಗಿ, ಗುರುತುಪಟ್ಟಿಯೊಂದಿಗೆ ಫ್ಯೂಸ್ ಪೆಟ್ಟಿಗೆಗೆ ಸೇರಿರಬೇಕು, ಎಂಜಿನ್ ಕೋಣೆಯ ಗೋಡೆಯನ್ನು ದಾಟುವಲ್ಲಿ ರಬ್ಬರ್ ಬಳೆ ಇರಬೇಕು. ಬರಿ ತಗಡಿನ ಅಂಚಿಗೆ ಉಜ್ಜುವ ತಂತಿ ಒಂದು ದಿನ ಹೊಗೆಯಾಡಿಯೇ ತೀರುತ್ತದೆ.

ತಗಡು ಮತ್ತು ಒಳಾಂಗಣ

ಕ್ಯಾಬಿನ್ನಿನ ಹಿಂದಿನ ಕೆಳಮೂಲೆಗಳು, ಬಾಗಿಲ ಕೆಳಗಿನ ಪಟ್ಟಿ, ಬಾಗಿಲ ಒಳಅಂಚು ಮತ್ತು ಮುಂದಿನ ಕಾಲಡಿ ಇವೇ ತುಕ್ಕಿನ ತವರು. ಮೆತ್ತನೆಯ ಬಟ್ಟೆ ಸುತ್ತಿದ ಚಿಕ್ಕ ಅಯಸ್ಕಾಂತವನ್ನು ಅಲ್ಲೆಲ್ಲ ಆಡಿಸಿ. ಹಿಡಿತ ಸಡಿಲವಾದಲ್ಲಿ ಬಣ್ಣದ ಕೆಳಗೆ ಪುಟ್ಟಿ ದಪ್ಪಗಿದೆ. ಸೀಟ್ ಬೆಲ್ಟ್ ಹೊಸದಾಗಿ ಹಾಕಿದ್ದರೆ ಅದರ ಬೋಲ್ಟು ಬರಿ ತಗಡಿಗೆ ಕೂತಿರದೆ, ಹಿಂದೆ ದಪ್ಪ ಉಕ್ಕಿನ ಆಸರೆ ಇರಬೇಕು. ಟೈರಿನ ಬದಿಯ ಡಿಒಟಿ (ಅಮೆರಿಕದ ಸಾರಿಗೆ ಇಲಾಖೆ) ಸಂಕೇತದ ಕೊನೆಯ ನಾಲ್ಕು ಅಂಕಿಗಳು ತಯಾರಾದ ವಾರ ಮತ್ತು ವರ್ಷ ಹೇಳುತ್ತವೆ. 2319 ಎಂದಿದ್ದರೆ 2019ರ 23ನೇ ವಾರ. ಓಡಾಟ ಕಡಿಮೆಯಿರುವ ಇಂತಹ ಗಾಡಿಗಳಲ್ಲಿ ಟೈರು ಸವೆಯದೆಯೇ ಮುದಿಯಾಗುತ್ತದೆ.

ಓಡಿಸಿ ನೋಡುವುದು

ಎಂಜಿನ್ ತಣ್ಣಗಿರುವಾಗಲೇ ಚಾಲೂ ಮಾಡಬೇಕೆಂದು ಮೊದಲೇ ತಿಳಿಸಿ. ಖಾಲಿಯಾದ ನೇರ ರಸ್ತೆಯಲ್ಲಿ ಬ್ರೇಕ್ ಹಾಕಿದಾಗ ಗಾಡಿ ಒಂದು ಬದಿಗೆ ಎಳೆಯಬಾರದು; ಉಬ್ಬುತಗ್ಗಿನಲ್ಲಿ ಸ್ಟಿಯರಿಂಗ್ ತಾನಾಗಿ ತಿರುಗಿದರೆ ಮುಂದಿನ ಸಸ್ಪೆನ್ಷನ್ನಿನ ಜ್ಯಾಮಿತಿ ಕೆಟ್ಟಿದೆ. ಗೇರ್‌ಬಾಕ್ಸ್ ಮತ್ತು ಆಕ್ಸೆಲ್ ಎರಡೂ ಬದಲಾಗಿರುವುದರಿಂದ ವೇಗಮಾಪಕ ಸುಳ್ಳು ಹೇಳಬಹುದು, ಫೋನಿನ ಜಿಪಿಎಸ್ ಜೊತೆ ಹೋಲಿಸಿ. ಮರಳಿದ ಮೇಲೆ ಹವಾನಿಯಂತ್ರಣ ಹಾಕಿಕೊಂಡು ಹದಿನೈದು ನಿಮಿಷ ನಿಂತಲ್ಲೇ ಎಂಜಿನ್ ಓಡಲಿ. ಹಳೆಯ ಇಕ್ಕಟ್ಟಾದ ಮೂತಿಯೊಳಗೆ ಕೂರಿಸಿದ ರೇಡಿಯೇಟರ್ ಸಾಕಾಗುತ್ತದೆಯೇ ಎಂಬುದು ಗೊತ್ತಾಗುವುದು ಆಗಲೇ. ಉಷ್ಣಮಾಪಕದ ಮುಳ್ಳು ಏರುತ್ತಲೇ ಹೋಗದೆ ಒಂದು ಕಡೆ ನಿಲ್ಲಬೇಕು.

ವ್ಯವಹಾರ ಕುದುರಿದರೆ ಹಣ ಕೊಡುವ ಮುನ್ನ ವಿಮೆಯವರೊಂದಿಗೆ ಮಾತನಾಡಿ, ಒಪ್ಪಿತ ಮೌಲ್ಯದ ಪಾಲಿಸಿಯನ್ನೇ ಕೇಳಿ. ಸಾಮಾನ್ಯ ಪಾಲಿಸಿಯಲ್ಲಿ ಸವಕಳಿ ಕಳೆದ ಮಾರುಕಟ್ಟೆ ಬೆಲೆ ಮಾತ್ರ ಸಿಗುತ್ತದೆ. ಒಪ್ಪಿತ ಮೌಲ್ಯದ್ದರಲ್ಲಿ ಗಾಡಿ ಪೂರ್ತಿ ಹಾಳಾದರೆ ಮೊದಲೇ ಬರೆದುಕೊಂಡ ಮೊತ್ತ ಸಿಗುತ್ತದೆ. ಆ ಮೊತ್ತವನ್ನು ಸಮರ್ಥಿಸಲು ವಿಮೆಯವರು ಚಿತ್ರಗಳನ್ನೂ ರಸೀದಿಗಳನ್ನೂ ಕೇಳಬಹುದು, ಆದ್ದರಿಂದ ನಿರ್ಮಾಣದ ದಾಖಲೆಯ ಮೂಲಪ್ರತಿಗಳನ್ನು ಕೀಲಿಕೈಯ ಜೊತೆಗೇ ಪಡೆದುಕೊಳ್ಳಿ.