ಕಿರಿಕಿರಿ ಪುಸ್ತಕ ಇಟ್ಕೊಂಡು ಫೋನ್ ಪಳಗಿಸೋದು ಹೇಗೆ

ಒಂದಿನ ವಾಷಿಂಗ್ ಮಷೀನ್ ಅರ್ಧಕ್ಕೆ ನಿಂತು ಏನೋ ಒಂದು ಅಕ್ಷರ ಒಂದು ಅಂಕಿ ತೋರಿಸ್ತಾ ಮಿಣಮಿಣ ಅಂತಿತ್ತು, ಒಳಗೆ ನೀರು ತುಂಬಿದೆ, ಬಾಗಿಲು ತೆಗಿಯಕ್ಕಾಗಲ್ಲ. ಮಗಳಿಗೆ ಫೋನ್ ಮಾಡಿದ್ರೆ "ಗೂಗಲ್ ಮಾಡಮ್ಮಾ, ಮೀಟಿಂಗಲ್ಲಿದೀನಿ" ಅಂತ ಇಟ್ಟೇಬಿಟ್ಲು. ದಾರಿ ಕೇಳಿದವ್ರಿಗೆ "ಹೀಗೇ ಹೋಗಿ" ಅಂದಂಗೆ ಇದು. ಹೇಗೆ ಹೋಗೋದು, ಎಲ್ಲಿ ತಿರುಗೋದು ಅಂತ ಯಾರೂ ಹೇಳಲ್ಲ. ನಂಗೀಗ 52, ಇಷ್ಟು ವರ್ಷ ಆ "ಹೀಗೇ" ಅನ್ನೋದನ್ನ ನಾನೇ ಎಡವಿ ಬಿದ್ದು ಕಲ್ತಿದೀನಿ. ಅದನ್ನ ಬರೆದಿಡೋಣ ಅಂತ ಕೂತೆ, ನನ್ನ ವಯಸ್ಸಿನವ್ರಿಗೆ ಯಾರಿಗಾದ್ರೂ ಆಗ್ಬೋದು.

ಮೊದಲು ಒಂದು ಮಾತು. "ಈ ಹತ್ತು ಆ್ಯಪ್ ನಿಮ್ ಫೋನಲ್ಲಿ ಇರ್ಲೇಬೇಕು" ಅಂತ ವಿಡಿಯೋ ಬರುತ್ತಲ್ಲ, ಅದನ್ನ ನೋಡಿ ಹತ್ತೂ ಹಾಕ್ಕೊಂಡು ಒಂದನ್ನೂ ತೆಗಿದೆ ಜಾಗ ಖಾಲಿಯಾಗಿ ಕೊನೆಗೆ ಫೋಟೋ ತೆಗಿಯೋಕೂ ಆಗದ ಸ್ಥಿತಿಗೆ ಬಂದವಳು ನಾನು. ಆಮೇಲೆ ಉಲ್ಟಾ ಮಾಡ್ದೆ. ಒಂದು ಹಳೇ ನೋಟ್‌ಬುಕ್ ತಗೊಂಡು ಅದಕ್ಕೆ ಕಿರಿಕಿರಿ ಪುಸ್ತಕ ಅಂತ ಹೆಸರಿಟ್ಟೆ. ದಿನದಲ್ಲಿ ಏನು ತಲೆ ತಿನ್ನುತ್ತೋ ಅದನ್ನ ಒಂದು ಸಾಲು ಬರೆಯೋದು, ಅಷ್ಟೇ. ಕನ್ನಡಕ ಹಾಕಿದ್ರೂ ಔಷಧಿ ಚೀಟಿ ಓದಕ್ಕಾಗ್ಲಿಲ್ಲ. ಪರದೆ ಕಂಬಿ ಎಷ್ಟುದ್ದ ಅಂತ ಮರ್ತೋಯ್ತು. ಪಾಸ್‌ವರ್ಡ್ ಮತ್ತೆ ತಪ್ಪು. ಹೀಗೆ. ಒಂದೇ ಕಿರಿಕಿರಿ ಮೂರು ಸಲ ಬಂದ್ರೆ ಮಾತ್ರ ಭಾನುವಾರ ಅರ್ಧ ಗಂಟೆ ಕೂತು ಅದಕ್ಕೆ ದಾರಿ ಹುಡುಕೋದು. ಒಂದೇ ಸಲ ಬಂದಿದ್ದಕ್ಕೆ ಆ್ಯಪ್ ಬೇಡ, ಅದು ತಾನಾಗೇ ಹೋಗುತ್ತೆ.

ಮಷೀನಿಗೆ ಬರೋಣ. ನಾನು ಮೊದಲು ಹುಡುಕಿದ್ದು "ವಾಷಿಂಗ್ ಮಷೀನ್ ನಿಂತೋಯ್ತು" ಅಂತ, ಬಂದಿದ್ದೆಲ್ಲಾ ಹೊಸ ಮಷೀನ್ ಮಾರೋರು. ಅದು ತಪ್ಪು ರೀತಿ. ಪ್ರತಿ ಯಂತ್ರದ ಹಿಂದೆ ಇಲ್ಲಾಂದ್ರೆ ಬಾಗಿಲ ಅಂಚಲ್ಲಿ ಒಂದು ಸ್ಟಿಕರ್ ಇರುತ್ತೆ, ಅದ್ರಲ್ಲಿ ಮಾಡೆಲ್ ನಂಬರ್. ಅದನ್ನ ಇದ್ದಿದ್ದು ಇದ್ದಂಗೇ ಇಂಗ್ಲಿಷಲ್ಲಿ ಹಾಕಿ, ಪಕ್ಕದಲ್ಲಿ ಪರದೆ ಮೇಲೆ ಬಂದ ಕೋಡ್ ಹಾಕಿ, ಕೊನೆಗೆ ಮ್ಯಾನ್ಯುಯಲ್ ಅಂತ ಸೇರ್ಸಿ. ಮಾಡೆಲ್ ನಂಬರಿನ ಎರಡೂ ಕಡೆ ಡಬಲ್ ಕೋಟ್ಸ್ ಹಾಕಿದ್ರೆ ಹೆಚ್ಚು ಕಮ್ಮಿ ಅದೇ ಪದ ಇರೋ ಪೇಜ್‌ಗಳೇ ಬರುತ್ವೆ. ಬೇಡದ್ದು ಬರ್ತಿದ್ರೆ ಆ ಪದದ ಮುಂದೆ ಜಾಗ ಬಿಡದೆ ಒಂದು ಮೈನಸ್ ಚಿಹ್ನೆ. ಈ ಎರಡು ಗೊತ್ತಿದ್ರೆ ಮುಕ್ಕಾಲು ಕೆಲಸ ಆಯ್ತು ಅಂದ್ಕೊಳಿ.

ನಂಗೆ ಬಂದ ಕೋಡಿನ ಅರ್ಥ ನೀರು ಹೊರಗೆ ಹೋಗ್ತಿಲ್ಲ ಅಂತ. ಮುಂದೆ ಬಾಗಿಲಿರೋ ಮಷೀನುಗಳಲ್ಲಿ ಸಾಮಾನ್ಯವಾಗಿ ಕೆಳಗಡೆ ಒಂದು ಪುಟ್ಟ ಮುಚ್ಚಳ ಇರುತ್ತೆ, ಒಳಗೆ ತಿರುಗಿಸೋ ಫಿಲ್ಟರ್. ಅದನ್ನ ತೆಗಿಯೋ ಮುಂಚೆ ಪ್ಲಗ್ ಕಿತ್ತಿಡಿ, ಬಿಸಿನೀರಲ್ಲಿ ಒಗೀತಿದ್ರೆ ಆರೋವರ್ಗೂ ಕಾಯಿರಿ, ಕೆಳಗೆ ತಗ್ಗಾದ ತಟ್ಟೆ ಇಡಿ, ಹಳೇ ಟವೆಲ್ ಹಾಸಿ, ಆಮೇಲೆ ಒಂದೇ ಸಲ ತಿರುಗಿಸದೆ ಸ್ವಲ್ಪ ಸ್ವಲ್ಪ ಸಡಿಲ ಮಾಡಿ. ನಾನು ಒಂದೇ ಸಲ ತಿರುಗಿಸ್ದೆ. ಇಡೀ ಬಚ್ಚಲುಮನೆ ಕೆರೆ ಆಯ್ತು. ಒಳಗಿದ್ದಿದ್ದು ಒಂದು ಹೇರ್‌ಪಿನ್, ಎರಡು ಗುಂಡಿ, ಮತ್ತೆ ಮಗ "ನಾನ್ ನೋಡೇ ಇಲ್ಲ" ಅಂತ ಆಣೆ ಮಾಡಿದ್ದ ಪೆನ್ ಕ್ಯಾಪ್.

ಅವತ್ತೇ ಮನೇಲಿರೋ ಎಲ್ಲಾ ಯಂತ್ರಗಳ ಸ್ಟಿಕರ್ ಫೋಟೋ ತೆಗೆದು "ಮನೆ" ಅಂತ ಒಂದು ಆಲ್ಬಮ್ ಮಾಡಿಟ್ಟೆ, ಬಿಲ್ಲಿನ ಫೋಟೋನೂ ಜೊತೆಗೆ. ಬಿಲ್ಲು ಆ ಹೊಳೆಯೋ ಕಾಗದದಲ್ಲಿರುತ್ತಲ್ಲ, ಅದು ಶಾಖಕ್ಕೆ ಅಚ್ಚಾಗೋ ಕಾಗದ, ಬರ್ತಾ ಬರ್ತಾ ಅಕ್ಷರ ಅಳಿಸಿಹೋಗಿ ವಾರಂಟಿ ಕೇಳೋ ಹೊತ್ತಿಗೆ ಬಿಳೀ ಚೀಟಿ ಕೈಯಲ್ಲಿರುತ್ತೆ. ತಂದ ದಿನಾನೇ ತೆಗೆದುಬಿಡಿ.

ಇನ್ನು ಸಣ್ಣ ಅಕ್ಷರ. ಇದು ನನ್ನ ಪುಸ್ತಕದಲ್ಲಿ ಅತೀ ಹೆಚ್ಚು ಸಲ ಬಂದ ಸಾಲು. ಭೂತಗನ್ನಡಿ ಆ್ಯಪ್ ಅಂತ ಬೇರೆ ಹುಡುಕ್ಬೇಡಿ, ಅದ್ರಲ್ಲಿ ಅರ್ಧಕ್ಕರ್ಧ ಜಾಹೀರಾತು. ಒಂದು ಫೋಟೋ ತೆಗೆದು ಎರಡು ಬೆರಳಲ್ಲಿ ಎಳೆದು ದೊಡ್ಡದು ಮಾಡಿದ್ರೆ ಸಾಕು. ಓದೋಕೂ ಬೇಜಾರು ಅಂದ್ರೆ ಗೂಗಲ್ ಲೆನ್ಸ್ ಇದೆ, 2017ರಲ್ಲಿ ಬಂದಿದ್ದು. ಫೋಟೋದಲ್ಲಿರೋ ಅಕ್ಷರವನ್ನ ನಿಜವಾದ ಅಕ್ಷರ ಮಾಡಿ ಕೊಡುತ್ತೆ, ಕಾಪಿ ಮಾಡ್ಬೋದು, ಕನ್ನಡಕ್ಕೆ ಅನುವಾದ ಮಾಡಿಸ್ಬೋದು. ಐಫೋನ್ ಇದ್ದವ್ರಿಗೆ ಈ ಅಕ್ಷರ ಹಿಡಿಯೋ ಕೆಲಸ ಫೋಟೋ ಒಳಗೇ ಇದೆ, ಅಕ್ಷರದ ಮೇಲೆ ಬೆರಳು ಒತ್ತಿ ಹಿಡಿದ್ರೆ ಆಯ್ತು. ನಾನಿದನ್ನ ವಾರಂಟಿ ಕಾರ್ಡಿಂದ ಹಿಡಿದು ಮಗನ ಶಾಲೆ ನೋಟೀಸ್ ತನಕ ಬಳಸಿದೀನಿ. ಆದ್ರೆ ಔಷಧಿ ಎಷ್ಟು, ಯಾವಾಗ ಅನ್ನೋದನ್ನ ಮಾತ್ರ ಈ ಅನುವಾದ ನಂಬಿ ತಗೋಬೇಡಿ, ಔಷಧಿ ಅಂಗಡಿಯವ್ರನ್ನೋ ಡಾಕ್ಟ್ರನ್ನೋ ಒಂದ್ಮಾತು ಕೇಳಿ. ಯಂತ್ರ ಒಂದು "ಇಲ್ಲ" ನುಂಗಿಬಿಟ್ರೆ ಅರ್ಥನೇ ತಿರುಗುಮುರುಗು.

ಬಟ್ಟೆ ಒಳಗಡೆ ಹೊಲಿದಿರೋ ಚೀಟಿ ಮೇಲಿನ ಚಿತ್ರಗಳೂ ಹಂಗೇ, ನಾನು 25 ವರ್ಷ ಅದನ್ನ ಚುಚ್ಚುತ್ತೆ ಅಂತ ಕತ್ತರಿಸಿ ಬಿಸಾಕಿದೀನಿ. ನೀರಿನ ತೊಟ್ಟಿ ಚಿತ್ರ ಅಂದ್ರೆ ಒಗೆಯೋದು, ಒಳಗಿನ ಅಂಕಿ ನೀರು ಹೆಚ್ಚೆಂದ್ರೆ ಎಷ್ಟು ಡಿಗ್ರಿ ಅಂತ, ತೊಟ್ಟೀಲಿ ಕೈ ಇದ್ರೆ ಕೈಲೇ ಒಗೀರಿ ಅಂತ. ತ್ರಿಕೋನ ಬ್ಲೀಚ್. ಚೌಕ ಒಣಗಿಸೋದು, ಚೌಕದೊಳಗೆ ವೃತ್ತ ಇದ್ರೆ ಡ್ರೈಯರ್. ಬರೀ ವೃತ್ತ ಡ್ರೈಕ್ಲೀನ್. ಇಸ್ತ್ರಿ ಪೆಟ್ಟಿಗೆ ಒಳಗೆ ಒಂದು ಚುಕ್ಕಿ ಕಮ್ಮಿ ಶಾಖ, ಮೂರು ಚುಕ್ಕಿ ಜಾಸ್ತಿ. ಯಾವುದ್ರ ಮೇಲೆ ಗೀಟು ಹೊಡೆದಿದ್ಯೋ ಅದನ್ನ ಮಾಡ್ಲೇಬಾರ್ದು. ಇದೊಂದು ಪ್ಯಾರಾ ಮಷೀನ್ ಪಕ್ಕ ಅಂಟಿಸಿದ್ರೆ ಮನೇಲಿ ಬೇರೆಯವ್ರೂ ಬಟ್ಟೆ ಒಗೀಬೋದು, ಒಗೀತಾರೆ ಅಂತ ನಾನು ಹೇಳ್ತಿಲ್ಲ.

ಮರೆವಿಗೆ ಏನ್ ಮಾಡೋದು? ನಾನು ಆ ನೋಟ್ಸ್ ಆ್ಯಪ್ ಈ ನೋಟ್ಸ್ ಆ್ಯಪ್ ಎಲ್ಲಾ ನೋಡ್ದೆ, ಚೆನ್ನಾಗೇ ಇವೆ, ಆದ್ರೆ ಎಲ್ಲಿ ಬರೆದೆ ಅನ್ನೋದೇ ಮರ್ತೋಗುತ್ತೆ. ಕೊನೆಗೆ ನಿಂತಿದ್ದು ವಾಟ್ಸ್ಯಾಪಲ್ಲಿ ನಮಗೆ ನಾವೇ ಮೆಸೇಜ್ ಕಳಿಸ್ಕೊಳ್ಳೋದು. 2022ರ ಕೊನೇಲಿ ಬಂತಿದು. ಹೊಸ ಚಾಟ್ ಒತ್ತಿದ್ರೆ ಕಾಂಟ್ಯಾಕ್ಟ್ ಪಟ್ಟೀಲಿ ನಿಮ್ ಹೆಸರೇ ಇರುತ್ತೆ, ಅದನ್ನ ತೆಗೆದು ಮೇಲಕ್ಕೆ ಪಿನ್ ಮಾಡಿ. ನಂದ್ರಲ್ಲಿ ಏನೇನಿದೆ ಅಂದ್ರೆ: ಎಲ್ಲರ ಚಪ್ಪಲಿ ಅಳತೆ, ರಕ್ತದ ಗುಂಪು, ಕನ್ನಡಕದ ಪವರ್, ಪರದೆ ಕಂಬಿ ಉದ್ದ, ನೀರಿನ ಫಿಲ್ಟರ್ ಬದಲಾಯಿಸಿದ ತಾರೀಕು, ಮತ್ತೆ "ಬೀಗದ ಕೈ ಹಳದಿ ಡಬ್ಬೀಲಿ". ಬರೆಯೋವಾಗ ಒಂದು ಉಪಾಯ ಇದೆ, ನಾಳೆ ಯಾವ ಪದ ಹಾಕಿ ಹುಡುಕ್ತೀನೋ ಆ ಪದ ಹಾಕಿ ಬರೀಬೇಕು. ನಾನು ಹುಡುಕೋವಾಗ "ಬೀಗ" ಅಂತೀನಿ, ಹಂಗಾಗಿ ಬೀಗ ಅಂತ್ಲೇ ಬರೆದಿದೀನಿ, ಕೀ ಅಂತಲ್ಲ. ಆಮೇಲೆ ತಾನಾಗೇ ಮಾಯವಾಗೋ ಮೆಸೇಜ್ ಸೆಟ್ಟಿಂಗ್ ಆ ಚಾಟಲ್ಲಿ ಆಫ್ ಇದೆಯಾ ನೋಡ್ಕೊಳಿ. ನಂದು ಆನ್ ಇತ್ತು. ಮೂರು ತಿಂಗಳ ಅಳತೆ ಎಲ್ಲಾ ಹೋಯ್ತು. ಪಾಸ್‌ವರ್ಡ್, ಪಿನ್ ಇಲ್ಲಿ ಬರೀಲೇಬೇಡಿ.

ಟೈಪ್ ಮಾಡೋಕೆ ಬೇಜಾರಾದ್ರೆ ಕೀಬೋರ್ಡಲ್ಲಿ ಮೈಕ್ ಗುರುತು ಇದೆ, ಒತ್ತಿ ಮಾತಾಡಿದ್ರೆ ಅದೇ ಬರ್ಕೊಳುತ್ತೆ. ಗೂಗಲ್ ಕೀಬೋರ್ಡಿಗೆ ಕನ್ನಡದ ಈ ಸೌಲಭ್ಯ ಬಂದಿದ್ದು 2017ರಲ್ಲಿ. ಸೆಟ್ಟಿಂಗಲ್ಲಿ ಭಾಷೆ ಪಟ್ಟಿಗೆ ಕನ್ನಡ ಸೇರಿಸಿರಬೇಕು, ಇಲ್ಲಾಂದ್ರೆ ನಾವು ಹೇಳಿದ್ದನ್ನ ಇಂಗ್ಲಿಷ್ ಅಂದ್ಕೊಂಡು ಏನೇನೋ ಬರೆಯುತ್ತೆ. ನಂಗಿದು ಬಹಳ ಇಷ್ಟ, ಮನೆಯವ್ರ ಥರ ಅರ್ಧಕ್ಕೆ ಬಾಯಿ ಹಾಕಲ್ಲ. ಆದ್ರೆ ಕಳಿಸೋ ಮುಂಚೆ ಒಂದ್ಸಲ ಓದಿ. ನಾನು ಓದದೆ "ಅತ್ತೆ ಬಂದ್ರು, ಎಲ್ಲರೂ ಬೇಗ ಬನ್ನಿ" ಅಂತ ಮನೆಯವ್ರ ಗ್ರೂಪಿಗೆ ಕಳಿಸ್ದೆ, ಹೋಗಿದ್ದು "ಕತ್ತೆ ಬಂದ್ರು". ಆ ಗ್ರೂಪಲ್ಲಿ ಅತ್ತೆನೂ ಇದಾರೆ.

ಆನ್‌ಲೈನಲ್ಲಿ ಸಾಮಾನು ತಗೊಳೋದು ಈಗ ಎಲ್ಲರಿಗೂ ಗೊತ್ತು, ತಗೊಳ್ದೇ ಇರೋದು ಹೇಗೆ ಅನ್ನೋದು ಕಷ್ಟ. ಎರಡೇ ಉಳಿದಿದೆ, ಇನ್ನು ಹತ್ತು ನಿಮಿಷಕ್ಕೆ ಆಫರ್ ಮುಗಿಯುತ್ತೆ ಅಂತ ಗಡಿಯಾರ ಓಡಿಸ್ತಾರಲ್ಲ, ಸುಳ್ಳು ಹೇಳಿ ಹೀಗೆ ನಮ್ ಕೈ ಓಡಿಸೋ ತಂತ್ರಗಳಿಗೆ ಡಾರ್ಕ್ ಪ್ಯಾಟರ್ನ್ ಅಂತ ಹ್ಯಾರಿ ಬ್ರಿಗ್ನಲ್ ಅನ್ನೋರು 2010ರಲ್ಲೇ ಹೆಸರಿಟ್ಟಿದಾರೆ. ಹೆಸರು ಗೊತ್ತಾದ ಮೇಲೆ ನಂಗೆ ಅರ್ಧ ಧೈರ್ಯ ಬಂತು, ಓ ನಾನೊಬ್ಳೇ ದಡ್ಡಿ ಅಲ್ಲ ಅಂತ. ಈಗ ಏನೇ ಇಷ್ಟ ಆದ್ರೂ ಕಾರ್ಟಿಗೆ ಹಾಕಿ ಎರಡು ದಿನ ಮುಟ್ಟಲ್ಲ. ಎರಡು ದಿನ ಆದ್ಮೇಲೆ ನೋಡಿದ್ರೆ ಇದನ್ನ ಯಾರು ಹಾಕಿದ್ದು ಅನ್ಸುತ್ತೆ. ಹಂಗೂ ಬೇಕು ಅನ್ಸಿದ್ರೆ ಅಳತೆ ನೋಡಿ ಹಳೇ ಪೇಪರನ್ನ ಅಷ್ಟೇ ದೊಡ್ಡದಾಗಿ ಕತ್ತರಿಸಿ ಅದು ಕೂರ್ಬೇಕಾದ ಜಾಗದಲ್ಲಿ ಇಟ್ಟು ನೋಡಿ. ಫೋಟೋದಲ್ಲಿ ಕಪಾಟು ಥರ ಕಂಡಿದ್ದು ಮನೆಗೆ ಬಂದಾಗ ಶೂ ಡಬ್ಬಿಯಷ್ಟಿತ್ತು, ಅನುಭವ. ರಿವ್ಯೂ ಓದೋವಾಗ ಐದು ನಕ್ಷತ್ರದ್ದು ಬಿಡಿ, ಮೂರು ನಕ್ಷತ್ರದ್ದು ಓದಿ. ಅಲ್ಲಿ ಬರೆಯೋರು ಹೊಗಳೋಕೂ ಹೋಗಿಲ್ಲ, ಸಿಟ್ಟೂ ಮಾಡ್ಕೊಂಡಿಲ್ಲ, ಹಿಡಿ ಅಲ್ಲಾಡುತ್ತೆ ಆದ್ರೆ ಕೆಲಸ ಮಾಡುತ್ತೆ ಅಂತ ಇದ್ದಿದ್ದು ಇದ್ದಂಗೆ ಹೇಳಿರ್ತಾರೆ.

ಪಾಸ್‌ವರ್ಡಿಗೆ ಜಾಸ್ತಿ ತಲೆ ಕೆಡಿಸ್ಕೊಬೇಡಿ, ಒಂದಕ್ಕೊಂದು ಸಂಬಂಧ ಇಲ್ಲದ ನಾಲ್ಕೈದು ಪದ ಜೋಡ್ಸಿ ಉದ್ದ ಮಾಡಿ. ಒನಕೆ ಮೋಡ ಏಣಿ ಸೀನು ಗುಬ್ಬಿ, ಈ ಥರ, ಇಂಗ್ಲಿಷ್ ಅಕ್ಷರದಲ್ಲಿ. ಇದನ್ನೇ ಇಟ್ಕೊಬೇಡಿ ಮತ್ತೆ. ಉದ್ದ ಇದ್ದಷ್ಟೂ ಊಹಿಸೋದು ಕಷ್ಟ, ಮಗನ ಹೆಸರು ಹುಟ್ಟಿದ ವರ್ಷ ಅಂತೂ ಯಾರು ಬೇಕಾದ್ರೂ ಊಹಿಸ್ತಾರೆ. ಇಮೇಲಿಗೆ ಒಂದು, ಬ್ಯಾಂಕಿಗೆ ಇನ್ನೊಂದು, ಒಂದೇ ಬೀಗದ ಕೈ ಎಲ್ಲಾ ಬಾಗಿಲಿಗೂ ಬೇಡ. ಹ್ಯಾವ್ ಐ ಬೀನ್ ಪೋನ್ಡ್ ಅಂತ ಒಂದು ವೆಬ್‌ಸೈಟ್ ಇದೆ, ಟ್ರಾಯ್ ಹಂಟ್ ಅನ್ನೋ ಆಸ್ಟ್ರೇಲಿಯಾದವ್ರು 2013ರಲ್ಲಿ ಶುರು ಮಾಡಿದ್ದು, ಅಲ್ಲಿ ಇಮೇಲ್ ಹಾಕಿದ್ರೆ ಆ ಇಮೇಲ್ ಯಾವ್ಯಾವ ಮಾಹಿತಿ ಸೋರಿಕೇಲಿ ಸಿಕ್ಕಿದೆ ಅಂತ ತೋರಿಸುತ್ತೆ. ನಂದು ಸಿಕ್ಕಿತ್ತು, ಯಾವತ್ತೋ ಒಂದ್ಸಲ ಫೋಟೋಗೆ ಚೌಕಟ್ಟು ಹಾಕೋಕೆ ಅಂತ ಸೇರಿದ್ದ ಜಾಗದಿಂದ. ಅದೇ ಪಾಸ್‌ವರ್ಡ್ ಇನ್ನೂ ನಾಲ್ಕು ಕಡೆ ಇತ್ತು, ಕೂತು ಎಲ್ಲಾ ಬದಲಾಯಿಸ್ದೆ.

ಫಾರ್ವರ್ಡ್ ಬಂದ ಫೋಟೋ ನಿಜಾನಾ ಅಂತ ಅನುಮಾನ ಬಂದ್ರೆ ಅದೇ ಲೆನ್ಸಲ್ಲಿ ಹಾಕಿ, ಅಥ್ವಾ ಒಂದು ಫೋಟೋ ಬೇರೆ ಎಲ್ಲೆಲ್ಲಿದೆ ಅಂತ ಹುಡುಕಿಕೊಡೋ, 2008ರಿಂದ ಇರೋ ಟಿನ್‌ಐ ಅನ್ನೋ ವೆಬ್‌ಸೈಟಲ್ಲಿ ಹಾಕಿ ಹಳೇದು ಮೊದಲು ಅಂತ ಜೋಡಿಸಿ. ನಿನ್ನೆ ನಡೆದಿದ್ದು ಅಂತ ಬಂದ ಫೋಟೋ ಹತ್ತು ವರ್ಷದ ಹಿಂದೇನೇ ಓಡಾಡಿದ್ದು ಕಾಣುತ್ತೆ. ಕಂಡಿದ್ದನ್ನ ಗ್ರೂಪಲ್ಲಿ ಹೇಳ್ಬೇಕಾ ಬೇಡ್ವಾ ಅನ್ನೋದು ನಿಮ್ಮಿಷ್ಟ, ನಾನು ಹೇಳಿ ಒಬ್ಬ ಭಾವನವ್ರ ಜೊತೆ ಆರು ತಿಂಗಳು ಮಾತಿಲ್ದೆ ಇದ್ದೆ. ಈಗ ಕಳಿಸಿದವ್ರಿಗೆ ಒಬ್ರಿಗೇ ಬೇರೆಯಾಗಿ ಹೇಳ್ತೀನಿ.

ಫೋನೇ ಕಳೆದೋದ್ರೆ? ನಂದು ದಿನಕ್ಕೆ ಎರಡು ಸಲ ಕಳೆಯುತ್ತೆ, ಮನೆ ಒಳಗೇ. ಆಂಡ್ರಾಯ್ಡ್ ಆದ್ರೆ ಫೈಂಡ್ ಹಬ್ ಅಂತ ಇದೆ, 2025ರ ತನಕ ಫೈಂಡ್ ಮೈ ಡಿವೈಸ್ ಅಂತಿತ್ತು. ಬೇರೆಯವ್ರ ಫೋನಲ್ಲಿ ನಿಮ್ ಅಕೌಂಟ್ ತೆಗೆದು ಪ್ಲೇ ಸೌಂಡ್ ಒತ್ತಿದ್ರೆ ಸೈಲೆಂಟಲ್ಲಿದ್ರೂ ಐದು ನಿಮಿಷ ಜೋರಾಗಿ ಕೂಗ್ಕೊಳುತ್ತೆ. ಕಳೆಯೋ ಮುಂಚೇನೇ ಆನ್ ಮಾಡಿಟ್ಟಿರ್ಬೇಕು, ಜೊತೆಗೆ ಅಕೌಂಟಿನ ಪಾಸ್‌ವರ್ಡ್ ನೆನಪಿರ್ಬೇಕು. ನಂದು ಕೊನೇ ಸಲ ಸಿಕ್ಕಿದ್ದು ಮಡಚಿಟ್ಟ ಬೆಡ್‌ಶೀಟ್ ಒಳಗೆ.

ಇವೆಲ್ಲಾ ಕಿರಿಕಿರಿ ಪುಸ್ತಕದಿಂದ ಬಂದಿದ್ದು. ಪುಸ್ತಕದಲ್ಲಿ ಇಲ್ದೇನೇ ಫೋನಲ್ಲಿ ಉಳ್ಕೊಂಡಿರೋದು ಒಂದೇ, ಬಿ ಮೈ ಐಸ್. ಕಣ್ಣು ಕಾಣದವ್ರು ವಿಡಿಯೋ ಕಾಲ್ ಮಾಡಿ ಕಾಣೋರನ್ನ ಸಹಾಯ ಕೇಳೋ ಆ್ಯಪ್, 2015ರಲ್ಲಿ ಡೆನ್ಮಾರ್ಕಲ್ಲಿ ಶುರುವಾಗಿದ್ದು, ಮಾಡಿದ್ದು ಹಾನ್ಸ್ ಯೊರ್ಗನ್ ವೀಬರ್ಗ್, ಅವ್ರಿಗೂ ದೃಷ್ಟಿ ಕಮ್ಮಿ. ಸೇರೋದು ಸುಲಭ, ಸ್ವಯಂಸೇವಕ ಅಂತ ಆರಿಸಿ, ನಿಮಗೆ ಬರೋ ಭಾಷೆ ಹೇಳಿ, ಫೋನಿಗೆ ನೋಟಿಫಿಕೇಶನ್ ಕೊಡೋಕೆ ಬಿಡಿ, ಅಷ್ಟೇ. ಸಹಾಯ ಮಾಡೋರು ಕೇಳೋರಿಗಿಂತ ಎಷ್ಟೋ ಪಟ್ಟು ಜಾಸ್ತಿ ಇರೋದ್ರಿಂದ ಕಾಲ್ ಬರೋಕೆ ತಿಂಗಳುಗಟ್ಲೆ ಆಗ್ಬೋದು, ಬಂದಾಗ ಒಟ್ಟಿಗೆ ಸುಮಾರು ಜನಕ್ಕೆ ರಿಂಗಾಗುತ್ತೆ, ಮೊದಲು ಎತ್ತಿದವ್ರಿಗೆ ಸಿಗುತ್ತೆ. ನಂಗೆ ಒಂದ್ಸಲ ಸಿಕ್ತು. ಯಾರೋ ಒಬ್ರು ಎರಡು ಶರ್ಟ್ ಹಿಡಿದು ಇದ್ರಲ್ಲಿ ನೀಲಿ ಯಾವುದು ಅಂತ ಕೇಳಿದ್ರು. ಎಡಗೈಲಿರೋದು ಅಂದೆ. ಇಸ್ತ್ರಿ ಸರಿಯಾಗಿದೆಯಾ ಅಂದ್ರು. ಕಾಲರ್ ಹತ್ರ ಸ್ವಲ್ಪ ಮಡಿಕೆ ಇದೆ ನೋಡಿ ಅಂದೆ, ನಕ್ಕು ಥ್ಯಾಂಕ್ಸ್ ಹೇಳಿ ಇಟ್ರು. ಒಂದು ನಿಮಿಷನೂ ಆಗಿರ್ಲಿಲ್ಲ. ಹೋದ ವಾರ ಮತ್ತೆ ರಿಂಗಾಯ್ತು, ನಾನು ಪಾತ್ರೆ ತೊಳೀತಿದ್ದೆ, ಕೈ ಒರೆಸ್ಕೊಂಡು ಬರೋಷ್ಟ್ರಲ್ಲಿ ಇನ್ಯಾರೋ ಎತ್ತಿಯಾಗಿತ್ತು.